ರಂಗದ ಮೇಲೆ ಭಾಗವತ, ಚೌಕಿಯೊಳಗೆ ಪ್ರೀತಿ

ಇಂಗ್ಲಿಷ್ ಲೇಖಕ ಜಾನ್ ಫೌಲ್ಸ್‌ನ ‘ದಿ ಫ್ರೆಂಚ್ ಲೆಫ್ಟಿನೆಂಟ್ಸ್ ವುಮನ್’ ಕಾದಂಬರಿಯ ಹನ್ನೆರಡನೇ ಅಧ್ಯಾಯ ಮುಗಿಯುವುದು ಪ್ರಶ್ನೆಯಲ್ಲಿ: ಈ ಸಾರಾ ಯಾರು, ಯಾವ ಕತ್ತಲೆಯಿಂದ ಎದ್ದು ಬಂದವಳು? ಹಾಳೆ ಮಗುಚಿದರೆ, ತನಗೂ ಗೊತ್ತಿಲ್ಲವೆಂದು ಕಥೆ ಹೇಳುವವನೇ ಕೈ ಚೆಲ್ಲುತ್ತಾನೆ. ಇದೆಲ್ಲ ಕಟ್ಟುಕತೆ, ಈ ಜನ ತನ್ನ ತಲೆಯ ಹೊರಗೆ ಎಂದೂ ಬದುಕಿದವರಲ್ಲ ಅಂತಲೂ ಸೇರಿಸುತ್ತಾನೆ. ಮೊದಲ ಸಲ ಓದಿದಾಗ ನನಗೆ ಸಿಟ್ಟೇ ಬಂದಿತ್ತು. ಅಷ್ಟು ಹೊತ್ತು ಕೂರಿಸಿಕೊಂಡು ನಂಬಿಸಿ, ನಡುವೆ ಎದ್ದು ದೀಪ ಹಾಕಿದ ಹಾಗೆ.

ಸಿಟ್ಟು ಇಳಿದ ಮೇಲೆ ನೆನಪಾದದ್ದು ಚಿಕ್ಕಂದಿನಲ್ಲಿ ನೋಡಿದ ಬಯಲಾಟ. ವೇಷ ರಂಗಕ್ಕೆ ಬಂದು ಕುಣಿದು ನಿಂತ ಮೇಲೆ ಭಾಗವತರು ವಿಚಾರಿಸುತ್ತಾರಲ್ಲ, ತಾವು ಯಾರು, ಬಂದ ಕಾರ್ಯವೇನು ಅಂತ. ಕಥೆಯೆಲ್ಲ ಅವರಿಗೆ ಬಾಯಿಪಾಠ, ಆದರೂ ಕೇಳುತ್ತಾರೆ. ವೇಷ ತನ್ನ ಕುಲ, ಪರಾಕ್ರಮ ಎಲ್ಲ ಹೇಳಿಕೊಳ್ಳುತ್ತದೆ. ಫೌಲ್ಸ್‌ನೂ ಒಬ್ಬ ಭಾಗವತನೇ. ವ್ಯತ್ಯಾಸವೆಂದರೆ ಅವನ ವೇಷ ಬಾಯಿ ಬಿಡುವುದಿಲ್ಲ, ಬಿಟ್ಟಾಗ ಸುಳ್ಳು ಹೇಳುತ್ತದೆ.

ಕಾದಂಬರಿ ಬಂದದ್ದು 1969ರಲ್ಲಿ, ಸಿನಿಮಾ 1981ರಲ್ಲಿ. ನಿರ್ದೇಶಕ ಕಾರೆಲ್ ರೈಜ್, ಚಿತ್ರಕಥೆ ನಾಟಕಕಾರ ಹೆರಾಲ್ಡ್ ಪಿಂಟರ್‌ನದು. ಕಾದಂಬರಿಯನ್ನು ಎರಡು ಸಲ ಓದಿದ್ದೇನೆ, ಸಿನಿಮಾವನ್ನು ಮೂರು ಸಲ ನೋಡಿದ್ದೇನೆ. ಅದರಲ್ಲಿ ಒಂದು ಸಲ ಪಕ್ಕದಲ್ಲಿ ಪುಸ್ತಕ ಓದದ ನನ್ನ ಹೆಂಡತಿಯೂ ಇದ್ದಳು. ಎರಡರಲ್ಲಿ ಯಾವುದು ಮೇಲು ಎಂದು ಕೇಳಿದವರಿಗೆ ನಾನು ಬೇರೆ ಬೇರೆ ಸಲ ಬೇರೆ ಬೇರೆ ಉತ್ತರ ಕೊಟ್ಟದ್ದಿದೆ.

ಕಥೆ ಚಿಕ್ಕದು. 1867ರ ಮಾರ್ಚ್ ತಿಂಗಳು, ಇಂಗ್ಲೆಂಡಿನ ತೆಂಕಣ ಕರಾವಳಿಯ ಲೈಮ್ ರೀಜಿಸ್. ಚಾರ್ಲ್ಸ್ ಸ್ಮಿತ್‌ಸನ್‌ಗೆ ಮೂವತ್ತೆರಡು ವರ್ಷ. ಕಲ್ಲಿನಲ್ಲಿ ಪಳೆಯುಳಿಕೆ ಹುಡುಕುವ ಹುಚ್ಚು, ಡಾರ್ವಿನ್ನನ ಭಕ್ತ. ಲಂಡನ್ನಿನ ಬಟ್ಟೆ ವ್ಯಾಪಾರಿಯ ಮಗಳು ಅರ್ನೆಸ್ಟೀನಾ ಜೊತೆ ಮದುವೆ ನಿಶ್ಚಯವಾಗಿದೆ. ಕಾಬ್ ಎಂದು ಕರೆಯುವ, ಸಮುದ್ರಕ್ಕೆ ಚಾಚಿದ ಬಾಗು ಕಲ್ಲುಕಟ್ಟೆಯ ತುದಿಯಲ್ಲಿ ಕಪ್ಪು ಬಟ್ಟೆಯ ಹೆಣ್ಣೊಬ್ಬಳು ಸಮುದ್ರ ನೋಡುತ್ತ ನಿಂತಿರುತ್ತಾಳೆ. ಫ್ರೆಂಚ್ ನೌಕಾಧಿಕಾರಿಯೊಬ್ಬನಿಗೆ ಮೈಯೊಪ್ಪಿಸಿ ಮೋಸಹೋದವಳು ಅಂತ ಊರು ಆಡಿಕೊಳ್ಳುತ್ತದೆ. ಅವಳೇ ಸಾರಾ ವುಡ್‌ರಫ್. ಮುಂದಿನದು ನೀವು ಊಹಿಸಿದಂತೆಯೇ ನಡೆಯುತ್ತದೆ, ಒಂದು ಮಟ್ಟದವರೆಗೆ.

ಕಾದಂಬರಿಯ ನಿಜವಾದ ಮಜಾ ಇರುವುದು ಕಾಲದ ಆಟದಲ್ಲಿ. ಹೇಳುವವನು ಇರುವುದು ಇಪ್ಪತ್ತನೇ ಶತಮಾನದಲ್ಲಿ, ಅದನ್ನು ಅವನು ಮುಚ್ಚಿಡುವುದಿಲ್ಲ. ಕ್ಷಯದ ಭಯದಲ್ಲಿ ಅಪ್ಪ ಅಮ್ಮ ಹತ್ತಿಯಲ್ಲಿಟ್ಟು ಸಾಕಿದ ಅರ್ನೆಸ್ಟೀನಾ ಕೊನೆಗೆ ಸಾಯುವುದು ಹಿಟ್ಲರ್ ಪೋಲೆಂಡಿನ ಮೇಲೆ ಏರಿಹೋದ ದಿನ ಎಂದು ನಡುವೆ ಹಾಗೇ ಹೇಳಿ ಮುಂದೆ ಹೋಗುತ್ತಾನೆ. ಒಂದೇ ವಾಕ್ಯ. ಎದುರಿಗೆ ಮೂತಿ ಉಬ್ಬಿಸಿ ಕೂತ ಇಪ್ಪತ್ತರ ಹುಡುಗಿ ಓದುಗನ ಕಣ್ಣಲ್ಲಿ ತೊಂಬತ್ತು ದಾಟಿದ ಮುದುಕಿಯಾಗಿಬಿಡುತ್ತಾಳೆ. ಅಧ್ಯಾಯದ ನೆತ್ತಿಯ ಮೇಲೆ ಹಾರ್ಡಿ, ಟೆನಿಸನ್, ಡಾರ್ವಿನ್, ಮಾರ್ಕ್ಸ್ ಸಾಲುಗಳು. ಮಾರ್ಕ್ಸ್‌ನ ‘ಬಂಡವಾಳ’ದ ಮೊದಲ ಸಂಪುಟ ಅಚ್ಚಾದದ್ದೂ, ಹೆಂಗಸರಿಗೆ ಮತ ಬೇಕೆಂದು ಚಿಂತಕ ಜಾನ್ ಸ್ಟುವರ್ಟ್ ಮಿಲ್ ಪಾರ್ಲಿಮೆಂಟಿನಲ್ಲಿ ಕೇಳಿ ಸೋತದ್ದೂ ಇದೇ 1867ರಲ್ಲಿ. ಲೈಮ್ ಊರಿನ ಜನಕ್ಕೆ ಇದರ ಸುಳಿವಿಲ್ಲ, ನಮಗಿದೆ.

ಇದನ್ನು ತೆರೆಗೆ ತರುವುದು ಹೇಗೆ? ಸುಲಭದ ದಾರಿ ಹಿನ್ನೆಲೆ ದನಿ. ಪಿಂಟರ್ ಅದನ್ನು ಮುಟ್ಟಲಿಲ್ಲ. ಭಾಗವತನನ್ನು ರಂಗದಿಂದ ಇಳಿಸಿ, ನಮ್ಮನ್ನು ನೇರ ವೇಷ ಕಟ್ಟುವ ಚೌಕಿಗೆ ಕರೆದೊಯ್ದ. ಸಿನಿಮಾದ ಮೊದಲ ಚಿತ್ರಿಕೆಯಲ್ಲೇ ಸಾರಾ ಕೈಗನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಾಳೆ, ಕ್ಲಾಪ್ ಬೋರ್ಡ್ ಬಡಿಯುತ್ತದೆ, ಆಮೇಲಷ್ಟೇ ಅವಳು ಕಾಬ್ ಮೇಲೆ ನಡೆಯುವುದು. ಸಾರಾ ಪಾತ್ರ ಮಾಡುವ ನಟಿ ಆನಾ, ಚಾರ್ಲ್ಸ್ ಪಾತ್ರದ ಮೈಕ್. ಇಬ್ಬರಿಗೂ ಬೇರೆ ಸಂಗಾತಿಗಳಿದ್ದಾರೆ, ಶೂಟಿಂಗ್ ಊರಿನ ಹೋಟೆಲಿನಲ್ಲಿ ಇಬ್ಬರ ನಡುವೆ ಸಂಬಂಧ ಬೆಳೆದಿದೆ. ಈ ಆನಾ, ಮೈಕ್ ಪುಸ್ತಕದಲ್ಲಿ ಎಲ್ಲೂ ಇಲ್ಲ. ಸಾರಾ, ಆನಾ ಇಬ್ಬರೂ ಮೆರಿಲ್ ಸ್ಟ್ರೀಪ್; ಚಾರ್ಲ್ಸ್, ಮೈಕ್ ಇಬ್ಬರೂ ಜೆರೆಮಿ ಐರನ್ಸ್.

ನನ್ನ ಹೆಂಡತಿಗೆ ಮೊದಲ ಅರ್ಧ ಗಂಟೆ ಇದು ಕಿರಿಕಿರಿಯಾಯಿತು. ‘ಆ ಕಾಡಿನ ಕಥೆ ಎಷ್ಟು ಚೆನ್ನಾಗಿ ಹೋಗ್ತಿತ್ತು, ಈ ಪ್ಯಾಂಟು ಶರ್ಟಿನವರು ಯಾಕೆ ನಡುವೆ ನಡುವೆ ಬರ್ತಾರ್ರೀ?’ ಅಂದಳು. ಹದಿಮೂರನೇ ಅಧ್ಯಾಯದಲ್ಲಿ ನನಗಾದದ್ದೂ ಅದೇ ಕಿರಿಕಿರಿ. ಅಂದರೆ ಪಿಂಟರ್ ಪುಸ್ತಕದ ಮಾತನ್ನು ಬಿಟ್ಟ, ಅದರ ಪೆಟ್ಟನ್ನು ಬಿಡಲಿಲ್ಲ.

ಒಂದು ದೃಶ್ಯವನ್ನಂತೂ ಬಿಡಿಸಿ ಹೇಳಬೇಕು. ಆನಾ ಮತ್ತು ಮೈಕ್ ಇವತ್ತಿನ ಬಟ್ಟೆಯಲ್ಲೇ ತಾಲೀಮು ಮಾಡುತ್ತಿದ್ದಾರೆ. ಕಾಡಿನಲ್ಲಿ ಸಾರಾಳ ಕೋಟು ಮುಳ್ಳಿಗೆ ಸಿಕ್ಕಿ ಅವಳು ಜಾರಬೇಕು. ಮೊದಲ ಸಲ ಆನಾ ಬಾಯಲ್ಲಿ ಮಾತು ಒಪ್ಪಿಸುತ್ತಾಳೆ, ಏನೂ ಆಗುವುದಿಲ್ಲ. ಇನ್ನೊಮ್ಮೆ ನೋಡೋಣ ಎಂದು ಹಿಂದೆ ಸರಿಯುತ್ತಾಳೆ, ತಿರುಗುತ್ತಾಳೆ, ಕಣ್ಣೇ ಬೇರೆಯಾಗಿದೆ. ಮೈಕ್ ತಬ್ಬಿಬ್ಬಾಗುವುದು ಕಾಣುತ್ತದೆ. ಅವಳು ಜಾರಲು ಶುರುಮಾಡುವುದು ಕೋಣೆಯೊಳಗೆ, ಬೀಳುವುದು ಹತ್ತೊಂಬತ್ತನೇ ಶತಮಾನದ ಕೆಸರಿನಲ್ಲಿ. ನಡುವೆ ಒಂದೇ ಕತ್ತರಿ. ಕಥೆ ಹೇಗೆ ಹುಟ್ಟುತ್ತದೆ, ಹೇಳುವವನನ್ನೇ ಹೇಗೆ ಸೆಳೆದುಕೊಳ್ಳುತ್ತದೆ ಎಂದು ಫೌಲ್ಸ್ ಒಂದಿಡೀ ಅಧ್ಯಾಯ ವಾದಿಸುತ್ತಾನೆ. ಇಲ್ಲಿ ಒಂದು ಕಾಲು ಜಾರುವಷ್ಟು ಹೊತ್ತು ಸಾಕಾಯಿತು.

ಇನ್ನೊಂದು ಕಡೆ ಸಿನಿಮಾ ಗೆದ್ದಿತೋ ಸೋತಿತೋ ನಾನಿನ್ನೂ ತೀರ್ಮಾನಿಸಿಲ್ಲ. ಆ ಕಾಲದ ಕಾಮದ ಬಗ್ಗೆ, ಹೊರಗಿನ ಮಡಿ ಒಳಗಿನ ಸೂಳೆಗಾರಿಕೆಯ ಬಗ್ಗೆ, ಕಾದಂಬರಿಯ ಮೂವತ್ತೈದನೇ ಅಧ್ಯಾಯ ಒಂದು ಪ್ರಬಂಧವೇ ಆಗಿಬಿಡುತ್ತದೆ. ಅದನ್ನು ಪಿಂಟರ್ ಹೋಟೆಲ್ ಕೋಣೆಗೆ ತಂದಿದ್ದಾನೆ. ಆನಾ ಪುಸ್ತಕ ಹಿಡಿದು, 1857ರ ಲಂಡನ್ನಿನಲ್ಲಿ 80,000 ವೇಶ್ಯೆಯರಿದ್ದರಂತೆ ಎಂದು ಓದುತ್ತಾಳೆ, ಮೈಕ್ ಕ್ಯಾಲ್ಕುಲೇಟರ್ ಒತ್ತಿ ಒಬ್ಬ ಗಂಡಸಿನ ಪಾಲಿಗೆ ವಾರಕ್ಕೆ ಎಷ್ಟು ಸಲ ಎಂದು ಲೆಕ್ಕ ಹಾಕುತ್ತಾನೆ. ಚುರುಕಾಗಿದೆ, ನಗುವೂ ಬರುತ್ತದೆ. ಆದರೆ ಪುಸ್ತಕದಲ್ಲಿ ಆ ಪುಟಗಳು ಓದುಗನ ಕಡೆಗೇ ಬೆರಳು ತೋರಿಸುತ್ತವೆ: ನೀವು ಅವರಿಗಿಂತ ಸ್ವತಂತ್ರರು ಅಂದುಕೊಂಡಿದ್ದೀರಾ? ಸಿನಿಮಾದಲ್ಲಿ ಆ ಬೆರಳು ಮಡಚಿಕೊಂಡಿದೆ.

ಸಿನಿಮಾ ಕಳೆದುಕೊಂಡದ್ದರಲ್ಲಿ ನನಗೆ ಹೆಚ್ಚು ನೋವಾದದ್ದು ಚಾರ್ಲ್ಸ್‌ನ ಆಳು ಸ್ಯಾಮ್ ವಿಷಯಕ್ಕೆ. ಕಾದಂಬರಿಯಲ್ಲಿ ಅವನಿಗೆ ಅವನದೇ ಬದುಕಿದೆ. ಪ್ರೀತಿಸಿದ ಮೇರಿ, ಸ್ವಂತ ಅಂಗಡಿಯ ಕನಸು, ಧಣಿ ಸಾರಾಳಿಗೆ ಬರೆದ ಪತ್ರವನ್ನು ತಲುಪಿಸದೇ ಉಳಿಸಿಕೊಳ್ಳುವ ದ್ರೋಹ, ಆಮೇಲೆ ಕಾಡುವ ಮನಸ್ಸಾಕ್ಷಿ. ಚಾರ್ಲ್ಸ್‌ನ ದುರಂತದ ಅರ್ಧ ಭಾಗ ಈ ಒಂದು ಲಕೋಟೆಯಲ್ಲಿದೆ. ತೆರೆಯ ಮೇಲೆ ಸ್ಯಾಮ್ ಬಂದು ಹೋಗುವ ಹುಡುಗ, ಅಷ್ಟೇ. ಶ್ರೀಮತಿ ಪೌಲ್ಟ್‌ನಿಯ ಸ್ಥಿತಿಯೂ ಹೆಚ್ಚುಕಮ್ಮಿ ಅದೇ. ಸಾರಾಳನ್ನು ದಾನದ ಹೆಸರಲ್ಲಿ ಮನೆಗಿಟ್ಟುಕೊಂಡು ಹಿಂಡುವ ಆ ಮುದುಕಿಯನ್ನು ಫೌಲ್ಸ್ ಒಂದೆಡೆ ಸ್ವರ್ಗದ ಬಾಗಿಲತನಕ ಕಳಿಸಿ ಅಲ್ಲಿಂದ ಕೆಳಗೆ ಉರುಳಿಸುತ್ತಾನೆ. ಅದನ್ನು ಓದುವಾಗ ಬಸ್ಸಿನಲ್ಲಿದ್ದೆ, ಪಕ್ಕದವರು ತಿರುಗಿ ನೋಡುವಷ್ಟು ನಕ್ಕೆ.

ಸಾರಾಳ ವಿಷಯದಲ್ಲಿ ಪೈಪೋಟಿ ಬಿಗಿಯಾಗಿದೆ. ಕಾದಂಬರಿಯಲ್ಲಿ ಎಲ್ಲರ ತಲೆಯೊಳಗೂ ನುಗ್ಗುವ ಲೇಖಕ ಅವಳ ತಲೆಯೊಳಗೆ ಮಾತ್ರ ಕಾಲಿಡುವುದಿಲ್ಲ. ಎಕ್ಸೆಟರ್ ಊರಿನ ಹೋಟೆಲಿನಲ್ಲಿ ಚಾರ್ಲ್ಸ್ ಅವಳನ್ನು ಕೂಡಿದ ಮೇಲೆ ತಿಳಿಯುತ್ತದೆ, ಅವಳು ಅದುವರೆಗೆ ಕನ್ಯೆ, ಫ್ರೆಂಚಿನವನ ಕಥೆ ಅವಳೇ ಕಟ್ಟಿದ್ದು. ಯಾಕೆ ಕಟ್ಟಿದಳು? ಲೇಖಕ ಹೇಳುವುದಿಲ್ಲ. ಆ ಖಾಲಿ ಜಾಗವನ್ನು ಓದುಗನೇ ತುಂಬಬೇಕು. ಸಿನಿಮಾದಲ್ಲಿ ಖಾಲಿ ಜಾಗಕ್ಕೆ ಮುಖವಿದೆ. ಸ್ಟ್ರೀಪ್ ಅದ್ಭುತ ನಟಿ, ಆ ವರ್ಷದ ಬ್ರಿಟನ್ನಿನ ಬಾಫ್ಟಾ ಸಿನಿಮಾ ಪ್ರಶಸ್ತಿ ಅವಳಿಗೇ ಬಂತು. ಅಂಡರ್‌ಕ್ಲಿಫ್ ಕಾಡಿನಲ್ಲಿ ಜಡೆ ಬಿಚ್ಚಿಕೊಳ್ಳುತ್ತ ಅವಳು ತನ್ನ ‘ಪಾಪ’ದ ಕಥೆ ಹೇಳುವಾಗ ಉಸಿರು ಕಟ್ಟುತ್ತದೆ. ಆದರೂ ಅದು ನಟನೆ ಎಂದು ನಮಗೆ ಮೊದಲೇ ತೋರಿಸಿಬಿಟ್ಟಿದ್ದಾರೆ. ಸಾರಾಳ ಗುಟ್ಟು ಆನಾಳ ಕೌಶಲವಾಗಿ ಕರಗುತ್ತದೆ. ಇಲ್ಲಿ ನನ್ನ ಓಟು ಪುಸ್ತಕಕ್ಕೆ.

ಮುಗಿತಾಯಕ್ಕೆ ಬಂದರೆ ಓಟು ಮಗುಚುತ್ತದೆ. ಕಾದಂಬರಿಗೆ ಮೂರು ಮುಗಿತಾಯ. ನಲವತ್ತನಾಲ್ಕನೇ ಅಧ್ಯಾಯದಲ್ಲಿ ಚಾರ್ಲ್ಸ್ ಮರ್ಯಾದೆಯಾಗಿ ಅರ್ನೆಸ್ಟೀನಾಳನ್ನೇ ಮದುವೆಯಾಗುತ್ತಾನೆ, ಆಮೇಲೆ ಲೇಖಕ ಅದನ್ನು ಒರೆಸಿಹಾಕುತ್ತಾನೆ. ಐವತ್ತೈದರಲ್ಲಿ ಗಡ್ಡದ ವ್ಯಕ್ತಿಯೊಬ್ಬ ರೈಲಿನ ಡಬ್ಬಿಗೆ ಹತ್ತಿ ನಿದ್ದೆಹೋದ ಚಾರ್ಲ್ಸ್‌ನನ್ನು ದಿಟ್ಟಿಸುತ್ತಾನೆ. ಅವನೇ ಲೇಖಕ. ಉಳಿದೆರಡು ಮುಗಿತಾಯಗಳಲ್ಲಿ ಯಾವುದು ಕೊನೆಗೆ ಬರಬೇಕೆಂದು ನಾಣ್ಯ ಚಿಮ್ಮುತ್ತಾನೆ. ಅರವತ್ತರಲ್ಲಿ ಸಾರಾ ಸಿಗುತ್ತಾಳೆ, ಮಗುವೂ ಸಿಗುತ್ತದೆ. ಅರವತ್ತೊಂದರಲ್ಲಿ ಅದೇ ವ್ಯಕ್ತಿ ಬೀದಿಯಲ್ಲಿ ನಿಂತು ಗಡಿಯಾರವನ್ನು ಹದಿನೈದು ನಿಮಿಷ ಹಿಂದಕ್ಕೆ ತಿರುಗಿಸುತ್ತಾನೆ, ಈ ಸಲ ಚಾರ್ಲ್ಸ್ ಒಂಟಿಯಾಗಿ ಹೊರನಡೆಯುತ್ತಾನೆ. ಮೆದುಳಿಗೆ ಇದು ಹಬ್ಬ. ಎದೆಗೆ ಅಷ್ಟಾಗಿ ತಟ್ಟಲಿಲ್ಲ, ಎರಡನೇ ಓದಿನಲ್ಲೂ.

ಸಿನಿಮಾದಲ್ಲಿ ಪುಸ್ತಕದ ಈ ಗೊಂದಲವೇ ಒಂದು ಮಾತಾಗಿ ಬರುತ್ತದೆ. ಮೈಕ್ ಮನೆಯ ಔತಣದಲ್ಲಿ ಆನಾಳ ಸಂಗಾತಿ, ಕೊನೆಗೆ ಯಾವ ಮುಗಿತಾಯ ಇಟ್ಟುಕೊಂಡಿರಿ ಎಂದು ಕೇಳುತ್ತಾನೆ. ಮೊದಲನೆಯದು ಅನ್ನುತ್ತಾನೆ ಮೈಕ್, ಥಟ್ಟನೆ ಅಲ್ಲ, ಎರಡನೆಯದು ಎಂದು ತಿದ್ದಿಕೊಳ್ಳುತ್ತಾನೆ. ಕಡೆಗೆ ವಿಕ್ಟೋರಿಯನ್ ಜೋಡಿ ವಿಂಡರ್‌ಮಿಯರ್ ಸರೋವರದ ಬದಿಯ ಮನೆಯಲ್ಲಿ ಒಂದಾಗುತ್ತದೆ. ಶೂಟಿಂಗ್ ಮುಗಿದ ಸಂತೋಷಕ್ಕೆ ಅದೇ ಮನೆಯಲ್ಲಿ ಪಾರ್ಟಿ. ಆನಾ ಯಾರಿಗೂ ಹೇಳದೆ ಹೊರಟುಬಿಡುತ್ತಾಳೆ. ತಾವಿಬ್ಬರೂ ವೇಷದಲ್ಲಿ ಒಂದಾದ ಆ ಬಿಳಿ ಕೋಣೆಗೆ ಮೈಕ್ ಓಡಿಬರುತ್ತಾನೆ, ಕೆಳಗೆ ಕಾರು ಹೊರಡುವ ಸದ್ದು. ಕಿಟಕಿಗೆ ಬಗ್ಗಿ ಅವನು ಕೂಗುವ ಹೆಸರು ‘ಆನಾ’ ಅಲ್ಲ, ‘ಸಾರಾ!’

‘ಅಯ್ಯೋ ಪಾಪ, ಅವನಿಗೆ ವೇಷ ಕಳಚಲೇ ಇಲ್ಲ’ ಅಂದಳು ನನ್ನ ಹೆಂಡತಿ. ಫೌಲ್ಸ್ ನಾಣ್ಯ, ಗಡಿಯಾರ, ಗಡ್ಡ ಎಲ್ಲ ಹೊರತೆಗೆದು ಹೇಳಿದ್ದು ಅವಳಿಗೆ ಒಂದು ಕೂಗಿನಲ್ಲಿ ತಲುಪಿತ್ತು.

ಯಾವುದು ಮೊದಲು ಎಂದು ಕೇಳಿದರೆ ಪುಸ್ತಕ ಮೊದಲು ಅನ್ನುತ್ತೇನೆ, ಅದಕ್ಕೆ ಒಂದು ಸ್ವಾರ್ಥದ ಕಾರಣವಿದೆ. ಮೊದಲ ಓದಿನಲ್ಲಿ ನನ್ನ ಸಾರಾಳಿಗೆ ಮುಖವೇ ಇರಲಿಲ್ಲ, ಗಾಳಿಗೆ ಹಾರುವ ಕಪ್ಪು ಬಟ್ಟೆ, ಬೆನ್ನು, ಆಚೆ ಬೂದಿಬಣ್ಣದ ನೀರು, ಇಷ್ಟೇ. ಸಿನಿಮಾ ನೋಡಿದ ಮೇಲೆ ಮತ್ತೆ ಓದಲು ಕೂತರೆ, ಕಾಬ್ ತುದಿಯಲ್ಲಿ ಅವಳು ತಿರುಗುವ ಸಾಲು ಬಂದಾಗಲೆಲ್ಲ ಸ್ಟ್ರೀಪ್ ತಿರುಗುತ್ತಾಳೆ. ಪುಟದಲ್ಲಿ ಇಲ್ಲದ ಆ ಕ್ಲಾಪ್ ಬೋರ್ಡಿನ ಸದ್ದೂ ಕೇಳಿಸುತ್ತದೆ.