ಹನ್ನೆರಡು ಬ್ರಷ್‌ಗಳ ಮೇಕಪ್ ಸೆಟ್: ಎರಡು ವರ್ಷದ ಬಳಕೆಯ ನಂತರ

ಸುಮಾರು 1,200 ರೂಪಾಯಿಯ ಸೆಟ್ ಇದು. ಹನ್ನೆರಡು ಸಿಂಥೆಟಿಕ್ ಬ್ರಷ್, ಮರದ ಹಿಡಿ, ಕೂದಲನ್ನು ಹಿಡಿದಿಡಲು ಅಲ್ಯೂಮಿನಿಯಂ ಕಟ್ಟು, ಜೊತೆಗೆ ಒಂದು ಸ್ಪಂಜು, ಒಂದು ರೆಪ್ಪೆ ಕರ್ಲರ್. ವಾರಕ್ಕೆ ನಾಲ್ಕೈದು ದಿನದ ಬಳಕೆ. ತೊಳೆದದ್ದೆಲ್ಲ ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ. ಎರಡು ವರ್ಷವಾದ ಮೇಲೆ ಹನ್ನೆರಡರಲ್ಲಿ ದಿನವೂ ಕೈಗೆ ಬರುವುದು ನಾಲ್ಕು ಮಾತ್ರ: ಫೌಂಡೇಶನ್‌ಗೆ ದಟ್ಟ ಕೂದಲಿನ, ತಲೆ ಸಮತಟ್ಟಾಗಿರುವ ಬ್ರಷ್, ದೊಡ್ಡ ಪೌಡರ್ ಬ್ರಷ್, ಐಶ್ಯಾಡೋ ಬೆರೆಸುವ ಸಣ್ಣ ಮೆತ್ತನೆಯ ಬ್ರಷ್, ಓರೆಯಾಗಿ ಕತ್ತರಿಸಿದ ತೆಳ್ಳನೆಯ ಬ್ರಷ್. ಫ್ಯಾನ್ ಬ್ರಷ್, ಲಿಪ್ ಬ್ರಷ್, ಹೆಚ್ಚುಕಡಿಮೆ ಒಂದೇ ಅಳತೆಯ ಮೂರು ಐಶ್ಯಾಡೋ ಬ್ರಷ್‌ಗಳು ಪೌಚ್‌ನಲ್ಲೇ ಉಳಿದಿವೆ. ಅದೇ ದುಡ್ಡಿಗೆ ಬಿಡಿಯಾಗಿ ನಾಲ್ಕು ಕೊಂಡರೆ ಇದಕ್ಕಿಂತ ಒಳ್ಳೆಯವು ಸಿಗುತ್ತವೆ.

ಸೆಟ್‌ನಲ್ಲಿ ನಿಜಕ್ಕೂ ಬೆಲೆ ಬಾಳುವುದು ಆ ಸಮತಟ್ಟು ತಲೆಯ ಫೌಂಡೇಶನ್ ಬ್ರಷ್. ಇದರ ಜೊತೆಗೆ ಬರುವ ಚಪ್ಪಟೆ, ನಾಲಿಗೆಯಾಕಾರದ ಬ್ರಷ್‌ನಲ್ಲಿ ಹಚ್ಚಿದರೆ ಗೋಡೆಗೆ ಸುಣ್ಣ ಬಳಿದ ಹಾಗೆ ಗೆರೆ ಉಳಿಯುತ್ತದೆ, ಯಾಕೆಂದರೆ ಅದು ಬಣ್ಣವನ್ನು ಒಂದೇ ದಿಕ್ಕಿಗೆ ಎಳೆಯುತ್ತದೆ. ದಟ್ಟ ಬ್ರಷ್ ಚರ್ಮದ ಮೇಲೆ ಒತ್ತಿ ಕೂರಿಸುತ್ತದೆ. ಕಡಲೆಕಾಳಿನಷ್ಟು ಫೌಂಡೇಶನ್ ಅಂಗೈ ಹಿಂಬದಿಗೆ ಹಾಕಿಕೊಂಡು, ಬ್ರಷ್‌ನ ತುದಿಯನ್ನಷ್ಟೇ ತಾಗಿಸಿ, ಮೂಗಿನ ಪಕ್ಕದಿಂದ ಹೊರಗೆ ಸಣ್ಣ ಸಣ್ಣ ಸುತ್ತು ಹಾಕುತ್ತ ಹೋಗಬೇಕು. ನೇರವಾಗಿ ಬ್ರಷ್ ಮೇಲೆ ಸುರಿದುಕೊಂಡರೆ ಅರ್ಧ ಬುಡಕ್ಕೆ ಇಳಿಯುತ್ತದೆ, ಉಳಿದರ್ಧ ಮೊದಲು ತಾಗಿದ ಕೆನ್ನೆಯ ಮೇಲೆ ಗುಪ್ಪೆಯಾಗುತ್ತದೆ.

ಸ್ಪಂಜಿನ ಬಗ್ಗೆ ದೂರು ಹೇಳುವವರಲ್ಲಿ ಹೆಚ್ಚಿನವರು ಅದನ್ನು ಒಣಗಿದ್ದಾಗಲೇ ಬಳಸಿರುತ್ತಾರೆ. ಒಣ ಸ್ಪಂಜು ಫೌಂಡೇಶನ್ ಕುಡಿದುಬಿಡುತ್ತದೆ. ನಲ್ಲಿಯ ಕೆಳಗೆ ಪೂರ್ತಿ ಉಬ್ಬುವವರೆಗೆ ನೆನೆಸಿ, ಹಿಂಡಿ, ಆಮೇಲೆ ಟವೆಲ್‌ನಲ್ಲಿ ಸುತ್ತಿ ಇನ್ನೊಮ್ಮೆ ಹಿಂಡಬೇಕು. ಈ ಎರಡನೇ ಹಿಂಡುವಿಕೆ ಬಿಟ್ಟರೆ ನೀರು ಬೆರೆತು ಫೌಂಡೇಶನ್ ತೇಪೆ ತೇಪೆಯಾಗುತ್ತದೆ. ತಟ್ಟಬೇಕು, ಉಜ್ಜಬಾರದು. ಚೂಪು ತುದಿ ಮೂಗಿನ ಸಂದಿಗೆ, ಕಣ್ಣಿನ ಕೆಳಗೆ. ಅಗಲದ ಭಾಗ ಕೆನ್ನೆಗೆ, ಹಣೆಗೆ. ಬಳಸಿದ ಮೇಲೆ ಒದ್ದೆಯಾಗಿಯೇ ಮುಚ್ಚಳದ ಡಬ್ಬಿಗೆ ಹಾಕಿಡುವುದು ದೊಡ್ಡ ತಪ್ಪು. ಮೂರು ತಿಂಗಳು ಬಳಸಿದ ಸ್ಪಂಜನ್ನು ಬ್ಲೇಡಿನಿಂದ ಎರಡು ಹೋಳು ಮಾಡಿ ನೋಡಿದಾಗ ಹೊರಮೈ ಗುಲಾಬಿಯಾಗಿಯೇ ಇತ್ತು, ನಡುವೆ ಸಾಸಿವೆ ಗಾತ್ರದ ಕಪ್ಪು ಚುಕ್ಕೆಗಳು. ಅದು ಬೂಷ್ಟು. ಎಷ್ಟು ತೊಳೆದರೂ ಹೋಗುವುದಿಲ್ಲ, ಎಸೆಯಲೇಬೇಕು. ಮಳೆಗಾಲದಲ್ಲಿ, ಅದರಲ್ಲೂ ಮಂಗಳೂರು, ಉಡುಪಿ ಕಡೆಯವರು, ಮೂರು ತಿಂಗಳು ಕಾಯದೆ ಬದಲಿಸುವುದು ಒಳ್ಳೆಯದು.

ಪೌಡರ್ ಬ್ರಷ್ ಕೊಳ್ಳುವಾಗ ಬೆರಳಿನಿಂದ ಸವರಿ ನೋಡಿದರೆ ಎಲ್ಲವೂ ಮೆತ್ತಗೇ ಅನಿಸುತ್ತವೆ. ಕತ್ತಿನ ಪಕ್ಕಕ್ಕೆ ನೆಟ್ಟಗೆ ಒತ್ತಿ ನೋಡಿ. ಚುಚ್ಚಿದರೆ ಎಳೆಗಳ ತುದಿ ಕತ್ತರಿಸಿದ್ದು ಎಂದರ್ಥ, ತುದಿಯತ್ತ ತೆಳ್ಳಗಾಗುತ್ತ ಹೋಗಿದ್ದರೆ ಚುಚ್ಚದು. ಮೇಕೆ ಕೂದಲಿನ ಬ್ರಷ್ ಪೌಡರನ್ನು ಇನ್ನೂ ಚೆನ್ನಾಗಿ ಹಿಡಿಯುತ್ತದೆ, ಅದರ ಎಳೆಯ ಮೇಲ್ಮೈ ಒರಟಾಗಿರುವುದೇ ಕಾರಣ. ಆದರೆ ಕ್ರೀಮ್ ತಾಗಿದರೆ ಅದನ್ನೂ ಹೀರಿಕೊಂಡು ಗಂಟಾಗುತ್ತದೆ. ಎಲ್ಲಕ್ಕೂ ಒಂದೇ ಬ್ರಷ್ ಇಟ್ಟುಕೊಳ್ಳುವವರಿಗೆ ಸಿಂಥೆಟಿಕ್ಕೇ ಸರಿ.

ಓರೆ ಬ್ರಷ್‌ಗೆ ಇನ್ನೊಂದು ಕೆಲಸವಿದೆ. ಕಾಡಿಗೆ ಹಚ್ಚಿದ ಮೇಲೆ ಕಡುಕಂದು ಐಶ್ಯಾಡೋ ಪುಡಿಯನ್ನು ಇದರಿಂದ ಕೆಳರೆಪ್ಪೆಯ ಹೊರಗೆರೆಗೆ ಒತ್ತಿದರೆ ಮಧ್ಯಾಹ್ನದ ಬೆವರಿಗೆ ಕಾಡಿಗೆ ಅಷ್ಟು ಇಳಿಯುವುದಿಲ್ಲ.

ಹದಿನಾಲ್ಕನೇ ತಿಂಗಳಲ್ಲಿ ಪೌಡರ್ ಬ್ರಷ್‌ನ ತಲೆ ಹಿಡಿಯಿಂದ ಕಳಚಿತು. ಕೂದಲು ಉದುರಿರಲಿಲ್ಲ, ಕಟ್ಟಿನೊಳಗಿದ್ದ ಅಂಟು ಕಂದು ಬಣ್ಣದ ಬಳೆಯ ಹಾಗೆ ಮರದ ತುದಿಯಲ್ಲೇ ಉಳಿದಿತ್ತು. ಸೆಟ್‌ನ ಅಂಟು ಸಾಧಾರಣದ್ದು ನಿಜ, ಆದರೆ ಮುಖ್ಯ ಕಾರಣ ಬ್ರಷ್‌ಗಳನ್ನು ತೊಳೆದು ಲೋಟದಲ್ಲಿ ತಲೆ ಮೇಲಾಗಿ ನಿಲ್ಲಿಸಿದ್ದು. ನೀರು ಕಟ್ಟಿನೊಳಗೆ ಇಳಿಯುತ್ತದೆ, ಮರ ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ; ಇದೇ ಹತ್ತಾರು ಸಲ ಆದರೆ ಅಂಟು ಬಿಡದೆ ಇರುತ್ತದೆಯೇ? ಎರಡು ದಿನ ಒಣಗಿಸಿ, ಹಳೆಯ ಅಂಟು ಕೆರೆದು, ಎಪಾಕ್ಸಿ ಅಂಟು ಹಚ್ಚಿ ಕೂರಿಸಿದ ಮೇಲೆ ಇಂದಿಗೂ ಗಟ್ಟಿಯಾಗಿದೆ.

ತೊಳೆಯುವಾಗ ತಲೆ ಕೆಳಗಿರಲಿ, ನೀರು ಉಗುರು ಬೆಚ್ಚಗಿರಲಿ. ಒಂದು ಬ್ರಷ್‌ಗೆ ಅಂಗೈಯಲ್ಲಿ ನಾಲ್ಕೈದು ಹನಿ ಬೇಬಿ ಶಾಂಪೂ ಸಾಕು. ನೊರೆ ಬೆಳ್ಳಗಾಗುವವರೆಗೆ ಸುತ್ತಿ ಸುತ್ತಿ ತೊಳೆಯಿರಿ. ಸ್ನಾನದ ಸೋಪು ಬೇಡ. ಬೋರ್‌ವೆಲ್‌ನ ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಅದು ಬಿಳಿ ಕಶ್ಮಲವಾಗಿ ಎಳೆಗಳಿಗೆ ಅಂಟುತ್ತದೆ, ಒಣಗಿದ ಬ್ರಷ್ ಪೊರಕೆಯಂತಾಗುತ್ತದೆ. ಕೊನೆಗೆ ಒಂದು ಲೋಟ ಆರ್‌ಓ ನೀರಿನಲ್ಲಿ ಅದ್ದಿ ತೆಗೆದರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಬಟ್ಟೆಯಲ್ಲಿ ಒತ್ತಿ, ಬೆರಳಿನಿಂದ ಆಕಾರಕ್ಕೆ ತಂದು, ಮೇಜಿನ ಅಂಚಿನಿಂದ ತಲೆ ಹೊರಗೆ ಚಾಚುವಂತೆ ಮಲಗಿಸಿ. ದಟ್ಟ ಬ್ರಷ್ ಒಣಗಲು ಒಂದಿಡೀ ದಿನ ಬೇಕು. ಹೇರ್ ಡ್ರೈಯರ್‌ನ ಬಿಸಿಗೆ ಸಿಂಥೆಟಿಕ್ ಎಳೆಗಳು ಸೊಟ್ಟಗಾಗುತ್ತವೆ, ಮತ್ತೆ ನೆಟ್ಟಗಾಗುವುದಿಲ್ಲ. ಅಮೆರಿಕದ ಚರ್ಮವೈದ್ಯರ ಅಕಾಡೆಮಿ 7ರಿಂದ 10 ದಿನಕ್ಕೊಮ್ಮೆ ತೊಳೆಯಲು ಹೇಳುತ್ತದೆ. ಮೊಡವೆ ಇರುವವರಿಗಂತೂ ಅದಕ್ಕಿಂತ ತಡ ಮಾಡಬೇಡಿ ಎಂದೇ ನಮ್ಮ ಸಲಹೆ.

ರೆಪ್ಪೆ ಕರ್ಲರ್ ಪರವಾಗಿಲ್ಲ. ಮಸ್ಕಾರಾಕ್ಕೆ ಮೊದಲೇ ಬಳಸಬೇಕು. ನಂತರ ಬಳಸಿದರೆ ರೆಪ್ಪೆಗಳು ಅಂಟಿಕೊಂಡು ಕಿತ್ತುಬರುತ್ತವೆ. ಅದರ ರಬ್ಬರ್ ಪಟ್ಟಿಯಲ್ಲಿ ಗೀರು ಬಿದ್ದಿದೆಯೇ ಎಂದು ಆಗಾಗ ಉಗುರಿನಿಂದ ಎಳೆದು ನೋಡಿ. ಬಿದ್ದಿದ್ದರೆ ಪಟ್ಟಿ ಬದಲಿಸಿ; ಗೀರಿನಲ್ಲಿ ಸಿಕ್ಕ ರೆಪ್ಪೆ ಬಾಗುವುದಿಲ್ಲ, ಮುರಿಯುತ್ತದೆ.

ಇನ್ನೊಂದು ಮಾತು. ಮನೆಯಲ್ಲಿ ಯಾರಿಗಾದರೂ ಮದ್ರಾಸ್ ಐ ಬಂದಾಗ ಈ ಸೆಟ್ ಹಂಚಿಕೊಳ್ಳಬೇಡಿ. ಬಂದವರು ಆಗ ಬಳಸಿದ ಸ್ಪಂಜು, ಕಾಡಿಗೆ, ಮಸ್ಕಾರಾ ಎಸೆಯಲಿ. ಕಣ್ಣಿನ ಬ್ರಷ್‌ಗಳು ಅಗ್ಗದವೇ, ಅವನ್ನೂ ಬಿಟ್ಟು ಹೊಸತು ತರಲಿ. ಕರ್ಲರ್‌ನ ಲೋಹದ ಭಾಗವನ್ನು ತೊಳೆದು, ಒಣಗಿಸಿ, 70 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ರಬ್ಬರ್ ಪಟ್ಟಿ ಹೊಸದು ಹಾಕಿದರೆ ಮತ್ತೆ ಬಳಸಬಹುದು.