ಜಿಟಿ ಬ್ಯಾಡ್ಜ್ ನಂಬಬೇಡಿ: 1.5 ಟರ್ಬೊ ಅಂತ ಹೇಳಿ 1.0 ಮಾರಿದರು

ಆರ್‌ಸಿ ಕಾರ್ಡಿನ ಹಿಂಬದಿ ನೋಡಿ. ಮುಂಬದಿ ಅಲ್ಲ, ಹಿಂಬದಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಫೋಕ್ಸ್‌ವ್ಯಾಗನ್ ವರ್ಟಸ್, ಸ್ಕೋಡಾ ಸ್ಲಾವಿಯಾ, ಹ್ಯುಂಡೈ ವರ್ನಾ ಥರದ ಸ್ಪೋರ್ಟಿ ಸೆಡಾನ್ ಹುಡುಕುತ್ತಿರುವವರು ಬೇರೇನೂ ಓದದಿದ್ದರೂ ಈ ಒಂದು ಮಾತು ನೆನಪಿಟ್ಟುಕೊಳ್ಳಿ. ಎಂಜಿನ್ ಎಷ್ಟು ಸಿಸಿ, ಸಿಲಿಂಡರ್ ಎಷ್ಟು ಅನ್ನುವುದು ಬರೆದಿರುವುದು ಆ ಹಿಂಬದಿಯಲ್ಲಿ. ನನಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದು ಮುಂಬದಿಯ ಫೋಟೊ ಮಾತ್ರ. ರಿಜಿಸ್ಟ್ರೇಷನ್ ನಂಬರ್, ಚಾಸಿ ನಂಬರ್, ಓನರ್ ಹೆಸರು, ಎಲ್ಲ ಸರಿಯಾಗಿತ್ತು. ಹಿಂಬದಿಯದು ಕೇಳಲಿಲ್ಲ. ಆ ಒಂದು ಫೋಟೊ ಕೇಳದೆ ಎರಡು ಲಕ್ಷಕ್ಕಿಂತ ಹೆಚ್ಚು ಕಳೆದುಕೊಂಡೆ.

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿರುವ ಒಂದು ಯೂಸ್ಡ್ ಕಾರ್ ಯಾರ್ಡ್. ದೂರು ಕೊಟ್ಟಿರುವುದರಿಂದ ಹೆಸರು ಹಾಕುತ್ತಿಲ್ಲ, ಕಾಮೆಂಟಿನಲ್ಲಿ ಕೇಳಬೇಡಿ. ಜಾಹೀರಾತಿನಲ್ಲಿ ಇದ್ದದ್ದು ಹೀಗೆ: ವರ್ಟಸ್ ಜಿಟಿ 1.5 ಟಿಎಸ್‌ಐ ಆಟೋಮ್ಯಾಟಿಕ್, 2023, ಸಿಂಗಲ್ ಓನರ್, 31,000 ಕಿ.ಮೀ. ಕೇಳಿದ್ದು 14 ಲಕ್ಷ, 13.40ಕ್ಕೆ ಒಪ್ಪಿದರು. ವರ್ಟಸ್‌ನಲ್ಲಿ ಜಿಟಿ ಅಂದರೆ ಆಗ 1.5 ಲೀಟರಿನ ಜೋರಿನ ಎಂಜಿನ್ ಇರುವ ಮಾಡೆಲ್. ಮನೆಗೆ ಬಂದದ್ದು 1.0.

ಗೊತ್ತಿಲ್ಲದವರಿಗೆ ಹೇಳುತ್ತೇನೆ, ಇದು ಸಣ್ಣ ವ್ಯತ್ಯಾಸ ಅಲ್ಲ. ಟಿಎಸ್‌ಐ ಅನ್ನುವುದು ಫೋಕ್ಸ್‌ವ್ಯಾಗನ್‌ನ ಟರ್ಬೊ ಪೆಟ್ರೋಲ್ ಎಂಜಿನ್. 1.0 ಟಿಎಸ್‌ಐ ಅಂದರೆ 999 ಸಿಸಿ, ಮೂರು ಸಿಲಿಂಡರ್, 115 ಪಿಎಸ್ ಶಕ್ತಿ, 178 ಎನ್ಎಂ ಎಳೆತ (ಟಾರ್ಕ್). ಅದರ ಆಟೋಮ್ಯಾಟಿಕ್ 6 ಗೇರಿನ ಟಾರ್ಕ್ ಕನ್ವರ್ಟರ್, ಅಂದರೆ ಎಣ್ಣೆಯ ಮೂಲಕ ಶಕ್ತಿ ದಾಟಿಸುವಂಥದ್ದು. 1.5 ಟಿಎಸ್‌ಐ ಅಂದರೆ 1498 ಸಿಸಿ, ನಾಲ್ಕು ಸಿಲಿಂಡರ್, 150 ಪಿಎಸ್, 250 ಎನ್ಎಂ, ಅದಕ್ಕೆ 7 ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ ಇರುವ ಆಟೋಮ್ಯಾಟಿಕ್. ಎಂಜಿನ್ ಬೇರೆ, ಗೇರ್‌ಬಾಕ್ಸ್ ಬೇರೆ. ಹೊರಗಿನ ಬಾಡಿ ಮಾತ್ರ ಒಂದೇ. ಟೈರೂ ಅದೇ 205/55 ಆರ್16. ಇಂಥ ಮೋಸಕ್ಕೆ ದಾರಿಯಾಗುವುದೇ ಈ ಹೋಲಿಕೆ.

1.0 ಕೆಟ್ಟ ಕಾರು ಅಂತ ನಾನು ಹೇಳುತ್ತಿಲ್ಲ. ಸಿಗ್ನಲ್‌ನಿಂದ ಸಿಗ್ನಲ್‌ಗೆ ದಿನಾ ಆಫೀಸಿಗೆ ಹೋಗಿಬರುವವರಿಗೆ 1.0 ಟಾರ್ಕ್ ಕನ್ವರ್ಟರ್ ಬೇಕಾದಷ್ಟಾಯಿತು. ಸಿಲ್ಕ್ ಬೋರ್ಡ್ ಥರದ ಕಡೆ ಮೊದಲ ಗೇರು, ಎರಡನೇ ಗೇರಿನಲ್ಲೇ ಅರ್ಧ ಗಂಟೆ ತೆವಳುವಾಗ ಡಿಎಸ್‌ಜಿಯ ಒಣ ಕ್ಲಚ್‌ಗಿಂತ ಅದೇ ಹೆಚ್ಚು ತಾಳಿಕೊಳ್ಳುತ್ತದೆ. 1.0 ಅಂತ ಹೇಳಿ 1.0ದ ಬೆಲೆ ಕೇಳಿದ್ದರೆ ಅದನ್ನೇ ತಗೊಳ್ಳುತ್ತಿದ್ದೆನೇನೋ. 1.5ರ ದುಡ್ಡು ಎಣಿಸಿಕೊಂಡು 1.0 ಕೊಟ್ಟಿದ್ದು ಮೋಸ. ಮೋಸ ಅನ್ನದೆ ಬೇರೆ ಪದ ನನ್ನ ಹತ್ತಿರ ಇಲ್ಲ.

ಕಾರಿನ ಮುಂದೆ ಜಿಟಿ ಬ್ಯಾಡ್ಜ್, ಡಿಕ್ಕಿ ಮೇಲೆ ಜಿಟಿ ಬ್ಯಾಡ್ಜ್. ಬ್ರೇಕ್ ಕ್ಯಾಲಿಪರ್ ಕೆಂಪು. ರೂಫ್ ಕಪ್ಪು. ಪೆಡಲ್ ಮೇಲೆ ಅಲ್ಯೂಮಿನಿಯಂ ಕವರ್. ಇದೆಲ್ಲ ಆಮೇಲೆ ಅಂಟಿಸಿದ್ದು, ಬಳಿದದ್ದು. ಜಿಟಿ ಅಕ್ಷರಗಳು ಜೆ.ಸಿ. ರಸ್ತೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತವೆ, ರೂಫಿಗೆ ಕಪ್ಪು ರ‍್ಯಾಪ್ ಹಾಕುವವರೂ ಅಲ್ಲೇ ಇದ್ದಾರೆ. ಕ್ಯಾಲಿಪರ್‌ಗೆ ಹೊಡೆದದ್ದು ಸ್ಪ್ರೇ ಪೇಂಟ್. ಆಮೇಲೆ ಚಕ್ರ ಬಿಚ್ಚಿ ನೋಡಿದಾಗ ಬ್ರೇಕ್ ಹೋಸ್ ಮೇಲೂ ಬ್ಲೀಡ್ ನಿಪ್ಪಲ್‌ನ ರಬ್ಬರ್ ಕ್ಯಾಪ್ ಮೇಲೂ ಅದೇ ಕೆಂಪು ಬಿದ್ದಿತ್ತು. ಫ್ಯಾಕ್ಟರಿಯಲ್ಲಿ ಬಣ್ಣ ಹೊಡೆದ ಕ್ಯಾಲಿಪರ್ ಹಾಗಿರುವುದಿಲ್ಲ. ರೂಫಿನ ರ‍್ಯಾಪ್ ಅಂಚು ಬಾಗಿಲಿನ ರಬ್ಬರ್ ಸರಿಸಿದರೆ ಕಾಣುತ್ತದೆ. ನೋಡಬೇಕಾಗಿದ್ದ ದಿನ ನೋಡಲಿಲ್ಲ.

ಟೆಸ್ಟ್ ಡ್ರೈವ್ ಕೊಟ್ಟಿದ್ದು ಸಂಜೆ ಆರೂವರೆಗೆ, ಸರ್ವಿಸ್ ರೋಡಿನಲ್ಲಿ. 50 ದಾಟಲು ಜಾಗವೇ ಇರಲಿಲ್ಲ. ಈಗ ಯೋಚಿಸಿದರೆ ಹೊತ್ತನ್ನು ಬೇಕಂತಲೇ ಆರಿಸಿದ್ದಾರೆ. ನಿಂತಾಗ ಎಂಜಿನ್‌ನಲ್ಲಿ ಸಣ್ಣ ನಡುಕ, ಮೂರು ಸಿಲಿಂಡರ್‌ನ ಆ ಗುರುಗುರು ಸದ್ದು ಇತ್ತು. ಕೇಳಿದೆ. ಅಲ್ಲಿದ್ದ ಹುಡುಗ ಒಂದು ಕ್ಷಣವೂ ತಡವರಿಸಲಿಲ್ಲ.

"ಸಾರ್, ಇದು ಇವೊ ಎಂಜಿನ್. ಲೋಡ್ ಇಲ್ಲದಾಗ ಎರಡು ಸಿಲಿಂಡರ್ ಆಫ್ ಆಗುತ್ತೆ. ಅದಕ್ಕೇ ವೈಬ್ರೇಷನ್. ಪೆಟ್ರೋಲ್ ಉಳಿಸೋಕೆ ಸಾರ್."

ನಾನು ಮೋಸ ಹೋದದ್ದು ಅಲ್ಲೇ. 1.5ರಲ್ಲಿ ಎರಡು ಸಿಲಿಂಡರ್ ಆಫ್ ಆಗುವುದು ನಿಜ. ಅದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆ ಅನ್ನುವುದು ಅವನಿಗೂ ಗೊತ್ತಾಗಿತ್ತು. ಆದರೆ ಅದು ನಡೆಯುವುದು ಓಡುತ್ತಿರುವಾಗ, ಆಕ್ಸಿಲರೇಟರ್ ಹಗುರವಾಗಿ ಒತ್ತಿ ಒಂದೇ ವೇಗದಲ್ಲಿ ಹೋಗುವಾಗ. ನ್ಯೂಟ್ರಲ್‌ನಲ್ಲಿ ನಿಂತಾಗ ನಾಲ್ಕೂ ಸಿಲಿಂಡರ್ ಕೆಲಸ ಮಾಡುತ್ತಿರುತ್ತವೆ. ನಿಂತ ಕಾರು ಗುರುಗುಟ್ಟುತ್ತಿದ್ದರೆ ಅದಕ್ಕೆ ಆ ಕಾರಣ ಹೊಂದುವುದೇ ಇಲ್ಲ. ಈ ಎರಡನೇ ಅರ್ಧ ಆ ಹೊತ್ತಿಗೆ ಹೊಳೆಯಲಿಲ್ಲ. ಅರ್ಧ ನಿಜ ಹೇಳಿದ್ದಕ್ಕೇ ಪೂರ್ತಿ ನಂಬಿಬಿಟ್ಟೆ. ಇಷ್ಟು ವರ್ಷ ಯಾರು ಕಾರು ತಗೊಂಡರೂ ನನ್ನನ್ನು ಕೇಳಿಯೇ ತಗೊಳ್ಳುತ್ತಿದ್ದರು. ಅವರಿಗೆ ಮುಖ ತೋರಿಸಲು ಈಗ ನಾಚಿಕೆಯಾಗುತ್ತದೆ.

ಡೆಲಿವರಿ ಆದ ನಾಲ್ಕನೇ ದಿನ ತುಮಕೂರು ರಸ್ತೆ. ನೆಲಮಂಗಲ ದಾಟಿ 100ರಲ್ಲಿ ಹೋಗುವಾಗ ಗೇರನ್ನು ಮ್ಯಾನ್ಯುವಲ್ ಮೋಡಿಗೆ ಹಾಕಿ ಪ್ಲಸ್ ಒತ್ತಿದರೆ ಮೀಟರ್ 6ರಲ್ಲೇ ನಿಂತಿತು. ಮತ್ತೆ ಒತ್ತಿದರೂ 6. ಏಳನೇ ಗೇರು ಇಲ್ಲ. ಗಾಡಿ ಪಕ್ಕಕ್ಕೆ ಹಾಕಿ ಅಲ್ಲಿಂದಲೇ ಯಾರ್ಡ್‌ಗೆ ಫೋನ್ ಮಾಡಿದೆ.

"ಸಾಫ್ಟ್‌ವೇರ್ ಅಪ್‌ಡೇಟ್ ಪೆಂಡಿಂಗ್ ಇರಬೇಕು ಸಾರ್. ಸೆವೆಂತ್ ಲಾಕ್ ಆಗಿರುತ್ತೆ. ಸರ್ವಿಸ್‌ಗೆ ಬಿಡಿ, ಓಪನ್ ಮಾಡ್ತಾರೆ."

ಲಾಕ್ ಆಗಿರುತ್ತಂತೆ! ಎರಡು ದಿನ ಬಿಟ್ಟು ಅಧಿಕೃತ ಸರ್ವಿಸ್ ಸೆಂಟರ್‌ಗೆ ಹೋಗಿ ಡಿಎಸ್‌ಜಿ ಚೆಕ್ ಮಾಡಿ ಅಂದೆ. ಅಡ್ವೈಸರ್ ಚಾಸಿ ನಂಬರ್ ಹಾಕಿ ಸ್ಕ್ರೀನ್ ನೋಡಿದರು, ಮತ್ತೆ ಕಾರು ನೋಡಿದರು. "ಸಾರ್, ಈ ಗಾಡೀಲಿ ಡಿಎಸ್‌ಜಿ ಇಲ್ವಲ್ಲ. ಇದು 1.0." ಬಾನೆಟ್ ತೆಗೆದು, ಸಿಲಿಂಡರ್‌ಗೆ ಒಂದರಂತೆ ಇರುವ ಇಗ್ನಿಷನ್ ಕಾಯಿಲ್ ಎಣಿಸಿ ತೋರಿಸಿದರು. ಮೂರು. ಪಕ್ಕದ ಬೇಯಲ್ಲಿದ್ದ ನಿಜವಾದ ಜಿಟಿಯಲ್ಲಿ ನಾಲ್ಕು. ಹಿಂದೆ ಇಬ್ಬರು ಮೆಕ್ಯಾನಿಕ್‌ಗಳು ನಿಂತು ಕೇಳಿಸಿಕೊಳ್ಳುತ್ತಿದ್ದರು. ಪರ್ಸಿನಿಂದ ಆರ್‌ಸಿ ತೆಗೆದು ಹಿಂದೆ ತಿರುಗಿಸಿದೆ. ಕ್ಯೂಬಿಕ್ ಕೆಪಾಸಿಟಿ 999, ಸಿಲಿಂಡರ್ 3. ಎಲ್ಲ ಅಲ್ಲೇ ಇತ್ತು, ಆರು ದಿನದಿಂದ ನನ್ನ ಜೇಬಿನಲ್ಲೇ ಇತ್ತು.

ಯಾರ್ಡ್‌ನವರ ಉತ್ತರಗಳನ್ನು ಬಂದ ಕ್ರಮದಲ್ಲೇ ಹಾಕುತ್ತೇನೆ, ನಿಮಗೂ ಇವೇ ಬರುತ್ತವೆ.

ಮೊದಲು: "ಆರ್‌ಸಿಲಿ ಪ್ರಿಂಟ್ ಮಿಸ್ಟೇಕ್ ಸಾರ್, ಆರ್‌ಟಿಓದಲ್ಲಿ ಸರಿ ಮಾಡಿಸ್ಬಹುದು."

ಕಾಯಿಲ್ ಫೋಟೊ ಕಳಿಸಿದ ಮೇಲೆ: "ಜಿಟಿ ಲೈನ್ ಸಾರ್ ಇದು. ಜಿಟಿ ಲೈನ್‌ನಲ್ಲಿ 1.0 ಬರುತ್ತೆ, ಕಂಪನಿಯವರೇ ಕೊಡ್ತಾರೆ."

ಇದನ್ನು ಸರಿಯಾಗಿ ಗಮನಿಸಿ. ಜಿಟಿ ಲೈನ್ ಅನ್ನುವ 1.0 ಇರುವುದು ನಿಜ, ಆದರೆ ಅದು ಬಂದದ್ದು 2024ರ ಅಕ್ಟೋಬರ್‌ನಲ್ಲಿ. ಈ ಕಾರು ರಿಜಿಸ್ಟರ್ ಆದದ್ದು 2023ರಲ್ಲಿ. ಇನ್ನೂ ಹುಟ್ಟದ ಮಾಡೆಲ್ ಹೆಸರು ಹೇಳಿ ಬಾಯಿ ಮುಚ್ಚಿಸಲು ನೋಡಿದರು. ಹಾಗಂತ ಬರೆದೆ. ಎರಡು ದಿನ ಉತ್ತರ ಇಲ್ಲ. ಆಮೇಲೆ ಮಾಲೀಕರೇ ಫೋನ್ ಮಾಡಿದರು.

"ನಾವು 1.5 ಅಂತ ಎಲ್ಲಿ ಬರ್ಕೊಟ್ಟಿದ್ದೀವಿ, ತೋರ್ಸಿ. ನೀವೇ ಓಡ್ಸಿ ನೋಡಿ ತಗೊಂಡಿದ್ದೀರಿ."

ಡೆಲಿವರಿ ನೋಟ್ ತೆಗೆದು ನೋಡಿದರೆ ಬರೆದಿದ್ದು "ವರ್ಟಸ್ ಜಿಟಿ ಎಟಿ" ಅಂತ, ಅಷ್ಟೇ. 1.5 ಅನ್ನುವುದು ಎಲ್ಲೂ ಇಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ, ಗಾಡಿ ಇದ್ದ ಸ್ಥಿತಿಯಲ್ಲೇ ಮಾರಾಟ, ಆಮೇಲೆ ಯಾವ ತಕರಾರೂ ಇಲ್ಲ ಅಂತ. ಅದಕ್ಕೆ ಸಹಿ ನನ್ನದೇ. ಆನ್‌ಲೈನ್ ಜಾಹೀರಾತು ಅದೇ ಸಂಜೆ ಮಾಯ. ಅದರ ಸ್ಕ್ರೀನ್‌ಶಾಟ್ ಸಹೋದ್ಯೋಗಿಗೆ ಮೊದಲೇ ಕಳಿಸಿದ್ದರಿಂದ ಉಳಿದುಕೊಂಡಿತು. ಅದು ಇದೆ ಅಂತ ಹೇಳಿದ ಮೇಲೆ ಕೊನೆಯ ಉತ್ತರ: "ಬೇಡ ಅಂದ್ರೆ ವಾಪಸ್ ತಗೋತೀವಿ ಸಾರ್, 9.80 ಕೊಡ್ತೀವಿ." ಕೆಲವೇ ದಿನಕ್ಕೆ ಮೂರೂವರೆ ಲಕ್ಷಕ್ಕೂ ಹೆಚ್ಚು ಕಡಿತ!

ವರ್ಟಸ್ ಬೇಡ, ಬೇರೆ ನೋಡೋಣ ಅನ್ನುವವರೂ ಇದನ್ನು ಓದಿ. ಸ್ಲಾವಿಯಾದಲ್ಲಿ ಇವೇ ಎರಡು ಎಂಜಿನ್, ಮಾಂಟೆ ಕಾರ್ಲೊ ಅನ್ನುವ ಕಪ್ಪು ಅಲಂಕಾರದ ಕಾರು ಎರಡರಲ್ಲೂ ಬಂದಿದೆ. ಕಪ್ಪು ಚಕ್ರ, ಕೆಂಪು ಹೊಲಿಗೆ ನೋಡಿ 1.5 ಅಂದುಕೊಳ್ಳಬೇಡಿ.

ವರ್ನಾದಲ್ಲಿ ಗೊಂದಲ ಇನ್ನೂ ಜಾಸ್ತಿ. 2023ರ ಮಾರ್ಚ್‌ನಲ್ಲಿ ಬಂದ ಹೊಸ ಮಾಡೆಲ್‌ನಲ್ಲಿ ಎರಡೂ "1.5 ಪೆಟ್ರೋಲ್". ಒಂದು ಟರ್ಬೊ ಇಲ್ಲದ್ದು, 115 ಪಿಎಸ್, 144 ಎನ್ಎಂ. ಇನ್ನೊಂದು ಟರ್ಬೊ, 160 ಪಿಎಸ್, 253 ಎನ್ಎಂ. ಆರ್‌ಸಿಯಲ್ಲಿ 1497 ಇದ್ದರೆ ಸಾದಾ, 1482 ಇದ್ದರೆ ಟರ್ಬೊ. ಹೌದು, ಕಡಿಮೆ ಸಿಸಿ ಇರುವುದೇ ಜೋರಿನ ಎಂಜಿನ್. "ಸಿಸಿ ಜಾಸ್ತಿ ಇದೆಯಲ್ಲ ಸಾರ್" ಅಂತ ಯಾರಾದರೂ ಅಂದರೆ ಅಲ್ಲಿಂದ ಎದ್ದು ಬನ್ನಿ. ಅದಕ್ಕೂ ಹಿಂದಿನ, 2020ರಿಂದ ಬಂದ ವರ್ನಾದಲ್ಲೂ ಟರ್ಬೊ ಇತ್ತು, ಅದು 998 ಸಿಸಿ, 120 ಪಿಎಸ್. ಬರೀ "ವರ್ನಾ ಟರ್ಬೊ" ಅಂದರೆ ಯಾವುದು ಅಂತ ಗೊತ್ತಾಗುವುದಿಲ್ಲ, ವರ್ಷ ಕೇಳಲೇಬೇಕು. ಸಾದಾ 1.5ರ ಆಟೋಮ್ಯಾಟಿಕ್ ಸಿವಿಟಿ ಥರದ್ದು, ಅಂದರೆ ಹಂತಹಂತದ ಗೇರು ಇಲ್ಲದ್ದು, ಜೋರಾಗಿ ಒತ್ತಿದರೆ ಎಂಜಿನ್ ಸದ್ದು ಮೊದಲು, ವೇಗ ಆಮೇಲೆ. ಟರ್ಬೊದ್ದು 7 ಗೇರಿನ ಡ್ಯುಯಲ್ ಕ್ಲಚ್, ಬದಲಾವಣೆ ಥಟ್ಟನೆ ಆಗುತ್ತದೆ. ಖಾಲಿ ರಸ್ತೆಯಲ್ಲಿ ಒಂದು ಸಲ ಪೂರ್ತಿ ಒತ್ತಿದರೆ ಎರಡನ್ನೂ ಓಡಿಸಿದವರಿಗೆ ತಿಳಿದೇ ತಿಳಿಯುತ್ತದೆ.

ಹೋಂಡಾ ಸಿಟಿ ಪೆಟ್ರೋಲ್ 1498 ಸಿಸಿ, ವರ್ಟಸ್ 1.5ರಷ್ಟೇ. ಆದರೆ ಅದಕ್ಕೆ ಟರ್ಬೊ ಇಲ್ಲ, 121 ಪಿಎಸ್, 145 ಎನ್ಎಂ. ಡಿಕ್ಕಿ ಮೇಲೆ ಸ್ಪೋರ್ಟ್ ಅಂತ ಬರೆದಿದ್ದರೂ ಎಂಜಿನ್ ಅದೇ. ನುಣುಪಾದ ಎಂಜಿನ್, ದಿನಬಳಕೆಗೆ ತಂಟೆಯಿಲ್ಲ, ಆದರೆ ಟರ್ಬೊದ ಎಳೆತ ಅದರಲ್ಲಿ ಹುಡುಕಬೇಡಿ.

ಟೋಕನ್ ಮುಂಗಡ ಕೊಡುವ ಮುಂಚೆ ಆರ್‌ಸಿಯ ಎರಡೂ ಬದಿ ಕೈಗೆ ತಗೊಂಡು ನೋಡಿ. ಇನ್ಶೂರೆನ್ಸ್ ಪಾಲಿಸಿ ಕೇಳಿ, ಬೆಲೆ ನೋಡಲು ಅಲ್ಲ, ಸಿಸಿ ನೋಡಲು. ಥರ್ಡ್ ಪಾರ್ಟಿ ಪ್ರೀಮಿಯಂ ಸಿಸಿ ಮೇಲೆ ನಿಂತಿರುತ್ತದೆ. 2022ರ ಜೂನ್‌ನಲ್ಲಿ ನಿಗದಿಯಾದ ದರದಲ್ಲಿ 1000 ಸಿಸಿವರೆಗೆ ವರ್ಷಕ್ಕೆ 2,094 ರೂಪಾಯಿ, 1000ದಿಂದ 1500ರವರೆಗೆ 3,416. ಹೊಸ ಕಾರಿಗೆ ಮೂರು ವರ್ಷದ್ದು ಒಟ್ಟಿಗೆ ಕಟ್ಟುವಾಗ 6,521 ಮತ್ತು 10,640. ನನ್ನ ಕಾರಿನ ಮೊದಲ ಪಾಲಿಸಿಯಲ್ಲಿ 6,521 ಅಂತ ಸ್ಪಷ್ಟವಾಗಿತ್ತು. ಬ್ಯಾಡ್ಜ್ ಅಂಟಿಸಿದವರು ಪಾಲಿಸಿ ತಿದ್ದಲು ಹೋಗಿರಲಿಲ್ಲ, ಯಾರೂ ನೋಡುವುದಿಲ್ಲ ಅಂತ ಅವರಿಗೆ ಗೊತ್ತಿತ್ತು.

ಬಾನೆಟ್ ತೆಗೆಸಿ ಕಾಯಿಲ್ ಎಣಿಸಿ, ಮೇಲೆ ಪ್ಲಾಸ್ಟಿಕ್ ಮುಚ್ಚಳ ಇದ್ದರೆ ಎತ್ತಿಸಿ. ಎಂಜಿನ್ ಬಿಸಿ ಇರುವಾಗ ಕೈ ಹಾಕಬೇಡಿ. ಟೆಸ್ಟ್ ಡ್ರೈವ್ ಬೆಳಿಗ್ಗೆ, ಖಾಲಿ ರಸ್ತೆಯಲ್ಲಿ, ಕೊನೆಯ ಗೇರ್‌ವರೆಗೆ. ಚಾಸಿ ನಂಬರ್ ತಗೊಂಡು ನೀವೇ ಸರ್ವಿಸ್ ಸೆಂಟರ್‌ಗೆ ಹೋಗಿ ಕೇಳಿ, ಯಾರ್ಡ್‌ನವರು ಕಳಿಸುವ ಸರ್ವಿಸ್ ಹಿಸ್ಟರಿ ಪಿಡಿಎಫ್ ನಂಬಬೇಡಿ. ಟೋಕನ್ ರಸೀದಿಯಲ್ಲಿ "1498 ಸಿಸಿ, 7 ಗೇರ್ ಡಿಎಸ್‌ಜಿ" ಅಂತ ಅವರ ಕೈಯಲ್ಲೇ ಬರೆಸಿ, ಸೀಲ್ ಹಾಕಿಸಿ. ಬರೆಯಲು ಹಿಂದೆಮುಂದೆ ನೋಡಿದರೆ ಅಲ್ಲಿಗೆ ವ್ಯವಹಾರ ಮುಗಿಯಿತು ಅನ್ನಿ. 2023ರ ಏಪ್ರಿಲ್ 1ರಿಂದ ಹಳೇ ಗಾಡಿ ಡೀಲರ್‌ಗಳು ಆರ್‌ಟಿಓದಿಂದ ಅಧಿಕೃತ ಪ್ರಮಾಣಪತ್ರ ಪಡೆದಿರಬೇಕು ಅಂತ ನಿಯಮ ಇದೆ. ಅದನ್ನೂ ತೋರಿಸಿ ಅನ್ನಿ. ನಾನು ಕೇಳಿದಾಗ ಮಾತು ಬೇರೆ ಕಡೆ ತಿರುಗಿತು.

ಈಗಾಗಲೇ ಸಿಕ್ಕಿಬಿದ್ದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರಿನ ನಂಬರ್ ತಗೊಳ್ಳಿ, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ. 50 ಲಕ್ಷದವರೆಗಿನ ವ್ಯವಹಾರ ಅಲ್ಲೇ ನಡೆಯುತ್ತದೆ. ಕೊಟ್ಟ ಹಣ 10ರಿಂದ 20 ಲಕ್ಷದ ಒಳಗಿದ್ದರೆ ಶುಲ್ಕ 400 ರೂಪಾಯಿ. ಎರಡು ವರ್ಷದೊಳಗೆ ಹಾಕಬೇಕು. ಅಲ್ಲಿಯವರೆಗೆ ಬ್ಯಾಡ್ಜ್ ಕೀಳಬೇಡಿ, ಕ್ಯಾಲಿಪರ್ ತೊಳೆಸಬೇಡಿ, ಅವೇ ಸಾಕ್ಷಿ. ಸಿಟ್ಟಿಗೆ ಹಿಂದಿನ ಬ್ಯಾಡ್ಜ್ ಕಿತ್ತು ಹಾಕಿದೆ ನಾನು, ವಕೀಲರಿಂದ ಬೈಸಿಕೊಂಡೆ.

ನಿನ್ನೆ ಅದೇ ಯಾರ್ಡ್‌ನವರು ಕಪ್ಪು ವರ್ನಾ ಒಂದನ್ನು ಜಾಹೀರಾತಿಗೆ ಹಾಕಿದ್ದಾರೆ. "1500 ಸಿಸಿ, ಟರ್ಬೊ ಲುಕ್" ಅಂತೆ. ಹನ್ನೊಂದು ಫೋಟೊ ಇವೆ. ಆರ್‌ಸಿದು ಒಂದೇ ಇದೆ, ಮುಂಬದಿ.