ತೋಟದ ಮನೆಯ ಕಂಪ್ಯೂಟರಿಗೆ ವಿಂಡೋಸ್ 11: ಒತ್ತಬೇಕೆ, ಬಿಡಬೇಕೆ?

ಕಾಫಿ ಲೆಕ್ಕ ಬರೆಯೋಣವೆಂದು ಕಂಪ್ಯೂಟರ್ ಆನ್ ಮಾಡಿದರೆ ಪರದೆ ತುಂಬ ಆಹ್ವಾನ. ವಿಂಡೋಸ್ 11 ಉಚಿತ, ಈಗಲೇ ಹಾಕಿಕೊಳ್ಳಿ ಅನ್ನುತ್ತದೆ. ಒಪ್ಪುವ ಗುಂಡಿ ದೊಡ್ಡದು, ಬಣ್ಣದ್ದು. ಸದ್ಯಕ್ಕೆ ವಿಂಡೋಸ್ 10ರಲ್ಲೇ ಇರುತ್ತೇನೆ ಎನ್ನುವ ಸಾಲು ಪಕ್ಕದಲ್ಲಿ ಸಣ್ಣಗೆ, ಕರೆಯದೆ ಬಂದ ನೆಂಟನ ಹಾಗೆ ಕೂತಿರುತ್ತದೆ. ಕನ್ನಡಕ ಹುಡುಕುವಷ್ಟರಲ್ಲಿ ಬೆರಳು ದೊಡ್ಡದನ್ನೇ ಒತ್ತಿರುತ್ತದೆ. ಕೊಡಗಿನ ಸೋಮವಾರಪೇಟೆಯಿಂದ ಶ್ರೀಮಂಗಲದವರೆಗೆ ಅರವತ್ತು ದಾಟಿದವರು ಬೆಂಗಳೂರಿನ ಮಕ್ಕಳಿಗೆ ಫೋನ್ ಮಾಡಿ ಕೇಳುವುದು ಇದನ್ನೇ: “ಇದನ್ನ ಒತ್ತಬಹುದಾ, ಮಗಾ?”

ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಇಂಟೆಲ್ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ (ಕಂಪ್ಯೂಟರಿನ ಮಿದುಳಾದ ಚಿಪ್ಪು), 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್), ಈ ಮೂರೂ ಇದ್ದರೆ ಒತ್ತಿ. ಪ್ರೊಸೆಸರ್ ಸರಿಯಿದ್ದು ಉಳಿದೆರಡು ಇಲ್ಲದಿದ್ದರೆ ಮೊದಲು ಅವನ್ನು ಹಾಕಿಸಿ, ಆಮೇಲೆ ಒತ್ತಿ. ಪ್ರೊಸೆಸರೇ ಹಳೆಯದಾದರೆ ಒತ್ತುವ ಗೋಜು ಬೇಡ. ವಿಂಡೋಸ್ 10ರ ಬೆಂಬಲ 14 ಅಕ್ಟೋಬರ್ 2025ಕ್ಕೇ ಮುಗಿದಿದೆ, ನಿಜ. ಆದರೆ ಅದಕ್ಕೆ ಇನ್ನೊಂದು ವರ್ಷದ ಆಸರೆ ಇದೆ, ಅದನ್ನು ಮುಂದೆ ಹೇಳುತ್ತೇವೆ.

ತಲೆಮಾರು ಗೊತ್ತಾಗುವುದು ಹೀಗೆ: ‘ದಿಸ್ ಪಿಸಿ’ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆಯಿರಿ. ಐ5-8250ಯು ಎಂದಿದ್ದರೆ ಅಡ್ಡಗೆರೆಯ ಮುಂದಿನ 8 ಅಂದರೆ ಎಂಟನೇ ತಲೆಮಾರು. ಐ3-1005ಜಿ1 ಎಂದಿದ್ದರೆ ಅದು ಒಂದಲ್ಲ, ಹತ್ತು. 2017–18ರಲ್ಲಿ ಕಡಿಮೆ ಬೆಲೆಯ ಲ್ಯಾಪ್‌ಟಾಪುಗಳಲ್ಲಿ ಹೇರಳವಾಗಿ ಬಂದ ಐ3-6006ಯು, ಐ3-7020ಯು ಎರಡೂ ಅನರ್ಹ. ‘2018ರಲ್ಲಿ ತಗೊಂಡಿದ್ದು, ಹೊಸದೇ’ ಎನ್ನುವವರು ಎಡವುವುದು ಇಲ್ಲೇ. ಕೊಂಡ ವರ್ಷ ಲೆಕ್ಕಕ್ಕಿಲ್ಲ, ಚಿಪ್ಪಿನ ಅಂಕಿ ಲೆಕ್ಕ. ಎಎಂಡಿ ಕಂಪನಿಯ ಚಿಪ್ಪಿನವರಿಗೂ ಇಂಥದೇ ಹೊಂಡ ಇದೆ: ರೈಜೆನ್ 5 2600 ಅರ್ಹರ ಪಟ್ಟಿಯಲ್ಲಿದೆ, ಲ್ಯಾಪ್‌ಟಾಪಿನ 2500ಯು ಇಲ್ಲ. ಲೆಕ್ಕ ಹಾಕುವ ತಾಪತ್ರಯ ಬೇಡವೆಂದರೆ ಮೈಕ್ರೋಸಾಫ್ಟಿನ ಪಿಸಿ ಹೆಲ್ತ್ ಚೆಕ್ ಹಾಕಿಕೊಂಡು ‘ಚೆಕ್ ನೌ’ ಒತ್ತಿದರೆ ಯಾವುದು ಕೊರತೆ ಎಂದು ಅದೇ ಹೇಳುತ್ತದೆ.

ಅದು ‘ಅರ್ಹ’ ಎಂದಾಕ್ಷಣ ನಂಬಬೇಡಿ. ಅಧಿಕೃತವಾಗಿ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಇದ್ದರೆ ಸಾಕು, ಡಿಸ್ಕ್ ಯಾವ ಬಗೆಯದೆಂದು ಕೇಳುವುದೇ ಇಲ್ಲ. ಎಂಟನೇ ತಲೆಮಾರಿನ ಐ3, 4 ಜಿಬಿ, ಜೊತೆಗೆ ಒಂದು ಟಿಬಿ ತಿರುಗುವ ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪ್ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಮನೆಯಲ್ಲಿ ಫೇಲಾಗುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದರೆ ಡಿಸ್ಕ್ ಕಾಲಂ ನಿಮಿಷಗಟ್ಟಲೆ ನೂರಕ್ಕೆ ಅಂಟಿಕೊಂಡಿರುತ್ತದೆ. ರ‍್ಯಾಮ್ ಸಾಲದೆ ಸಿಸ್ಟಂ ಡಿಸ್ಕನ್ನೇ ರ‍್ಯಾಮ್ ಮಾಡಿಕೊಂಡಿರುತ್ತದೆ, ಆ ಡಿಸ್ಕಿಗೆ ಅಷ್ಟು ವೇಗ ಇರುವುದಿಲ್ಲ. 256 ಜಿಬಿಯ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿ ಹಳೇ ಡಿಸ್ಕನ್ನು ಅದಕ್ಕೆ ಕ್ಲೋನ್ (ಯಥಾವತ್ ನಕಲು) ಮಾಡಿಸುವುದು ಇಡೀ ವಿಷಯದಲ್ಲಿ ಹಾಕಿದ ದುಡ್ಡಿಗೆ ಹೆಚ್ಚು ಫಲ ಕೊಡುವ ಕೆಲಸ. ಅಪ್‌ಗ್ರೇಡ್ ಬೇಡವೆನ್ನುವವರಿಗೂ ಇದನ್ನೇ ಹೇಳುತ್ತೇವೆ.

ಕೆಲವರ ಯಂತ್ರ ನಿಜಕ್ಕೂ ಅರ್ಹವಿದ್ದು, ತಪಾಸಣೆ ಮಾತ್ರ ಟಿಪಿಎಂ 2.0 (ವಿಂಡೋಸ್ 11 ಕೇಳುವ ಭದ್ರತಾ ವ್ಯವಸ್ಥೆ) ಇಲ್ಲ ಅನ್ನುತ್ತದೆ. ಬಹುಪಾಲು ಇದು ಆಫ್ ಆಗಿರುತ್ತದೆ ಅಷ್ಟೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ tpm.msc ಎಂದು ಟೈಪ್ ಮಾಡಿ ನೋಡಿ. ಇಲ್ಲವೆಂದರೆ ಬಯಾಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆಗೆ, ಹೋಗಬೇಕು: ಇಂಟೆಲ್ ಬೋರ್ಡಿನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿರುತ್ತದೆ. ಆನ್ ಮಾಡಿ ಸೇವ್ ಮಾಡಿ.

ಸೆಕ್ಯೂರ್ ಬೂಟ್ (ಒಪ್ಪಿಗೆಯಿರುವ ತಂತ್ರಾಂಶ ಮಾತ್ರ ಶುರುವಾಗಲು ಬಿಡುವ ಬಯಾಸ್ ಕಾವಲು) ವಿಷಯಕ್ಕೆ ಬಂದರೆ ಮಾತ್ರ ಕೈ ತಡೆಯಿರಿ. ಅಂಗಡಿಯಲ್ಲಿ ಜೋಡಿಸಿದ ಡೆಸ್ಕ್‌ಟಾಪುಗಳಲ್ಲಿ ವಿಂಡೋಸನ್ನು ಡಿಸ್ಕ್ ಪಾಲು ಮಾಡುವ ಹಳೇ ಎಂಬಿಆರ್ ಪದ್ಧತಿಯಲ್ಲಿ ಹಾಕಿರುವುದು ಸಾಮಾನ್ಯ. ಸೆಕ್ಯೂರ್ ಬೂಟ್‌ಗಾಗಿ ಬಯಾಸ್‌ನಲ್ಲಿ ಸಿಎಸ್‌ಎಂ (ಹಳೇ ಪದ್ಧತಿಯಲ್ಲಿ ಬೂಟ್ ಆಗಲು ಬಿಡುವ ಆಯ್ಕೆ) ಆಫ್ ಮಾಡಿದ ಕೂಡಲೇ ಅಂಥ ಯಂತ್ರ ಬೂಟ್ ಆಗುವುದೇ ನಿಲ್ಲುತ್ತದೆ. ಗಾಬರಿ ಬೇಡ, ಮತ್ತೆ ಆನ್ ಮಾಡಿದರೆ ಬರುತ್ತದೆ. ಮೊದಲು ಡಿಸ್ಕನ್ನು ಹೊಸ ಪದ್ಧತಿಯಾದ ಜಿಪಿಟಿಗೆ ಬದಲಿಸಬೇಕು. ಅದಕ್ಕೆ ಎಂಬಿಆರ್2ಜಿಪಿಟಿ ಎಂಬ ಸಾಧನ ವಿಂಡೋಸ್ 10ರೊಳಗೇ ಇದೆ. ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ ಮೊದಲು ವ್ಯಾಲಿಡೇಟ್, ಅದು ಪಾಸಾದರೆ ಮಾತ್ರ ಕನ್ವರ್ಟ್. ನಮ್ಮ ಕಡೆ ಒಂದೇ ಡಿಸ್ಕನ್ನು ಸಿ, ಡಿ, ಇ ಎಂದು ಪಾಲು ಮಾಡುವ ರೂಢಿ ಇದೆಯಲ್ಲ, ಅದರಲ್ಲಿ ಡಿ, ಇ ಎಷ್ಟೋ ಸಲ ಎಕ್ಸ್‌ಟೆಂಡೆಡ್ ಪಾರ್ಟಿಶನ್ನಿನೊಳಗೆ ಇರುತ್ತವೆ. ಹಾಗಿದ್ದರೆ ವ್ಯಾಲಿಡೇಟ್ ಅಲ್ಲೇ ಫೇಲು. ಆಗ ಡೇಟಾ ಹೊರಗೆ ತೆಗೆದು ಹೊಸದಾಗಿ ಹಾಕುವುದು ನೇರ ದಾರಿ. ಇದು ಮನೆಯಲ್ಲಿ ಒಬ್ಬರೇ ಕೂತು ಮಾಡುವ ಕೆಲಸವಲ್ಲ.

ಇನ್ನು ಕೊಡಗಿನ ಹವೆಗೇ ಸಂಬಂಧಪಟ್ಟ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುವ ಮನೆಗಳಲ್ಲಿ ಕ್ಯಾಬಿನೆಟ್ಟಿನೊಳಗೂ ತೇವ ಸೇರುತ್ತದೆ. ರ‍್ಯಾಮಿನ ಚಿನ್ನದ ಬಣ್ಣದ ಅಂಚು ಮಂಕಾಗುತ್ತದೆ, ಆನ್ ಮಾಡಿದರೆ ಬೀಪ್ ಶಬ್ದ, ಪರದೆ ಕಪ್ಪು. ‘ಅಪ್‌ಗ್ರೇಡ್ ಮಾಡಿದ್ದಕ್ಕೇ ಹಾಳಾಯ್ತು’ ಎಂಬ ದೂರುಗಳಲ್ಲಿ ಒಂದಷ್ಟು ಇಂಥವೇ. ಪ್ಲಗ್ ಕಿತ್ತು ರ‍್ಯಾಮ್ ತೆಗೆದು, ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆತ್ತಗೆ ಉಜ್ಜಿ, ಪುಡಿ ಒರೆಸಿ, ಟಕ್ ಎನ್ನುವವರೆಗೆ ಒತ್ತಿ ಕೂರಿಸಿ.

ಅದಕ್ಕಿಂತ ಮುಖ್ಯವಾದದ್ದು ಬೋರ್ಡಿನ ಮೇಲಿರುವ ನಾಣ್ಯದಾಕಾರದ ಸಿಆರ್2032 ಸೆಲ್. ಯಂತ್ರಕ್ಕೆ ಏಳೆಂಟು ವರ್ಷವಾಗಿದ್ದರೆ ಅದೂ ಸೋತಿರುತ್ತದೆ. ಲಕ್ಷಣ: ಕರೆಂಟ್ ಹೋಗಿ ಬಂದ ಮೇಲೆ ಗಡಿಯಾರ ಯಾವುದೋ ಹಳೇ ವರ್ಷ ತೋರಿಸುತ್ತದೆ, ಬ್ಯಾಂಕಿನ ಸೈಟು ‘ಕನೆಕ್ಷನ್ ಪ್ರೈವೇಟ್ ಅಲ್ಲ’ ಎಂದು ತಡೆಯುತ್ತದೆ. ವಿಂಡೋಸ್ 10ರಲ್ಲಿ ಇದು ಬರೀ ಕಿರಿಕಿರಿ. ಬಯಾಸ್‌ನಲ್ಲಿ ಟಿಪಿಎಂ ಆನ್ ಮಾಡಿ ವಿಂಡೋಸ್ 11 ಹಾಕಿದ ಮೇಲೆ ಇದೇ ದೊಡ್ಡ ತಲೆನೋವು. ಸೆಲ್ ಸತ್ತರೆ ಬಯಾಸ್ ತನ್ನ ಮೂಲ ಸ್ಥಿತಿಗೆ ಮರಳುತ್ತದೆ, ಟಿಪಿಎಂ ಮತ್ತೆ ಆಫ್. ಲಾಗಿನ್ ಪಿನ್ ಕೆಲಸ ಮಾಡುವುದಿಲ್ಲ, ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ (ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿದ್ದರೆ) 48 ಅಂಕಿಗಳ ರಿಕವರಿ ಕೀ ಕೊಡು ಎನ್ನುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕರೆಂಟಿಲ್ಲದ ಊರಿನಲ್ಲಿ ಇದು ಅಪರೂಪದ ಸಂಗತಿಯಲ್ಲ. ಅಪ್‌ಗ್ರೇಡಿಗೆ ಮುಂಚೆಯೇ ಹೊಸ ಸೆಲ್ ಹಾಕಿ. ಬಯಾಸ್ ಪುಟಗಳ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟು, ಪ್ಲಗ್ ಕಿತ್ತು, ಪವರ್ ಗುಂಡಿ ಕೆಲವು ಸೆಕೆಂಡ್ ಒತ್ತಿ ಹಿಡಿದು, ಅಧಿಕ ಚಿಹ್ನೆ ಮೇಲೆ ಬರುವಂತೆ ಸೆಲ್ ಕೂರಿಸಿ. ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಸಾಮಾನ್ಯವಾಗಿ ತಂತಿ ಬೆಸೆದಿರುತ್ತಾರೆ, ಅಂಗಡಿಗೇ ಕೊಡಿ. ರಿಕವರಿ ಕೀ ಮೈಕ್ರೋಸಾಫ್ಟ್ ಅಕೌಂಟಿನಲ್ಲಿರುತ್ತದೆ. ಅದನ್ನು ಕಾಗದದ ಮೇಲೆ ಬರೆದು ಆರ್‌ಟಿಸಿ (ಪಹಣಿ) ಇಡುವ ಫೈಲಿನಲ್ಲೇ ಇಟ್ಟುಕೊಳ್ಳಿ.

ಹಳೇ ಫೈಲುಗಳ ಗತಿ? ಇದ್ದ ವಿಂಡೋಸ್ ಮೇಲೆಯೇ ಅಪ್‌ಗ್ರೇಡ್ ಮಾಡಿದರೆ ಫೈಲು, ಪ್ರೋಗ್ರಾಂ, ಫಾಂಟು ಎಲ್ಲ ಉಳಿಯುತ್ತವೆ. ತೊಂದರೆ ಬರುವುದು 32 ಬಿಟ್ ವಿಂಡೋಸ್ ಇರುವವರಿಗೆ. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ, ಹಾಗಾಗಿ ಅಳಿಸಿ ಹೊಸದಾಗಿ ಹಾಕಬೇಕು. ಆಗ ಡಾಸ್ ಕಾಲದ ಫಾಕ್ಸ್‌ಪ್ರೊ ಲೆಕ್ಕದ ಪ್ರೋಗ್ರಾಂ ಓಡುವುದಿಲ್ಲ. ಪ್ರಿಂಟರಿಗೆ 64 ಬಿಟ್ ಡ್ರೈವರ್ ಬೇಕು, ಹಳೇ ಸಿಡಿಯಲ್ಲಿ ಅದು ಇಲ್ಲದಿರಬಹುದು. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳಲ್ಲಿ ಯೂನಿಕೋಡ್‌ಗಿಂತ (ಈಗ ಎಲ್ಲೆಡೆ ಬಳಸುವ ಅಕ್ಷರ ಪದ್ಧತಿ) ಮುಂಚಿನ ಫಾಂಟಿನಲ್ಲಿ ಟೈಪ್ ಮಾಡಿದ ಸಂಘದ ನಡಾವಳಿ ತೆರೆದರೆ ಕನ್ನಡದ ಜಾಗದಲ್ಲಿ ರೋಮನ್ ಅಕ್ಷರ, ಟೊಪ್ಪಿ ಹಾಕಿದ ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಫೈಲ್ ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೆ. ಅಳಿಸುವ ಮುಂಚೆ ವಿಂಡೋಸ್ ಫೋಲ್ಡರಿನ ಫಾಂಟ್ಸ್‌ನಿಂದ ನುಡಿ ಫಾಂಟುಗಳನ್ನು ಪೆನ್‌ಡ್ರೈವಿಗೆ ಎತ್ತಿಟ್ಟುಕೊಂಡರೆ ಆಮೇಲೆ ಹಾಕಿಕೊಳ್ಳಬಹುದು.

ಯಾವಾಗ ಮಾಡಬೇಕು? ಜೋರು ಮಳೆಯಲ್ಲಿ ಖಂಡಿತ ಬೇಡ. ಹೂಮಳೆ ತಡವಾಗಿ ಊರೆಲ್ಲ ಸ್ಪ್ರಿಂಕ್ಲರ್ ಪಂಪು ಓಡಿಸುವ ಫೆಬ್ರವರಿ–ಮಾರ್ಚ್‌ನಲ್ಲೂ ವೋಲ್ಟೇಜ್ ನೋಡಿಕೊಂಡೇ ಮಾಡಿ. ಎಸ್‌ಎಸ್‌ಡಿ ಇದ್ದರೆ ಒಂದೆರಡು ಗಂಟೆ, ಹಾರ್ಡ್ ಡಿಸ್ಕಾದರೆ ಅರ್ಧ ದಿನ ಹಿಡಿದರೂ ಹಿಡಿದೀತು. ಸಣ್ಣ ಯುಪಿಎಸ್ ಡೆಸ್ಕ್‌ಟಾಪನ್ನು ಕೆಲವೇ ನಿಮಿಷ ಹಿಡಿಯುತ್ತದೆ, ಇನ್ವರ್ಟರ್ ಲೈನಿಗೆ ಹಾಕಿ. ಮಧ್ಯೆ ಕರೆಂಟ್ ಹೋದರೆ ಸಾಮಾನ್ಯವಾಗಿ ವಿಂಡೋಸ್ ತಾನೇ ಹಿಂದಕ್ಕೆ ಹೋಗುತ್ತದೆ, ಪ್ರತಿ ಸಲವೂ ಹೋಗುತ್ತದೆಂಬ ಭರವಸೆ ಇಲ್ಲ. ಡೌನ್‌ಲೋಡ್ ಹಲವು ಜಿಬಿ. ಮೊಬೈಲ್ ಹಾಟ್‌ಸ್ಪಾಟ್ ನಂಬಿರುವವರು ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಮೀಟರ್ಡ್ ಕನೆಕ್ಷನ್ (ಡೇಟಾ ಮಿತವಾಗಿ ಬಳಸುವ ಆಯ್ಕೆ) ಆನ್ ಮಾಡಿಟ್ಟು, ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಒಳ್ಳೇ ನೆಟ್ ಇರುವ ಕಡೆ ಮೀಡಿಯಾ ಕ್ರಿಯೇಶನ್ ಟೂಲ್‌ನಿಂದ 8 ಜಿಬಿ ಅಥವಾ ದೊಡ್ಡ ಪೆನ್‌ಡ್ರೈವಿಗೆ ಇಳಿಸಿಕೊಂಡು ಬರುವುದು ವಾಸಿ. ಆ ಪೆನ್‌ಡ್ರೈವಿನಲ್ಲಿದ್ದುದೆಲ್ಲ ಅಳಿಯುತ್ತದೆ, ಮೊಮ್ಮಗುವಿನ ನಾಮಕರಣದ ಫೋಟೋ ಇದ್ದರೆ ಬೇರೆ ಕಡೆ ಹಾಕಿಡಿ.

ಹಾಕಿದ ಮೇಲೆ ಹಿರಿಯರಿಗೆ ಎದುರಾಗುವ ಗೊಂದಲ ಮುಖ್ಯವಾಗಿ ಮೂರು. ಸ್ಟಾರ್ಟ್ ಗುಂಡಿ ನಡುವಿಗೆ ಬಂದಿರುತ್ತದೆ: ಪರ್ಸನಲೈಸೇಶನ್, ಟಾಸ್ಕ್‌ಬಾರ್, ಟಾಸ್ಕ್‌ಬಾರ್ ಬಿಹೇವಿಯರ್ಸ್‌ಗೆ ಹೋಗಿ ಅಲೈನ್‌ಮೆಂಟ್ ‘ಲೆಫ್ಟ್’ ಮಾಡಿ. ತೆರೆದ ಕಿಟಕಿಗಳ ಹೆಸರು ಮಾಯವಾಗಿ ಚಿತ್ರ ಮಾತ್ರ ಉಳಿದಿರುತ್ತದೆ: ಅಲ್ಲೇ ಕಂಬೈನ್ ಎಂಬುದನ್ನು ‘ನೆವರ್’ ಮಾಡಿ. ಬಲಗುಂಡಿ ಒತ್ತಿದರೆ ಕತ್ತರಿಸು, ಅಂಟಿಸು ಎಲ್ಲ ಪುಟ್ಟ ಚಿತ್ರಗಳಾಗಿರುತ್ತವೆ: ‘ಶೋ ಮೋರ್ ಆಪ್ಶನ್ಸ್’ ಒತ್ತಿದರೆ ಹಳೇ ಪಟ್ಟಿ ಬರುತ್ತದೆ. ಅಕ್ಷರದ ಗಾತ್ರ ಆಕ್ಸೆಸಿಬಿಲಿಟಿಯಲ್ಲಿದೆ. ಇಷ್ಟು ಮಾಡಿಕೊಟ್ಟರೆ ಯಜಮಾನರಿಗೆ ಹೊಸದೆಂದೇ ಅನಿಸುವುದಿಲ್ಲ. ಒಗ್ಗದಿದ್ದರೆ 10 ದಿನದೊಳಗೆ ಸಿಸ್ಟಂ, ರಿಕವರಿ, ‘ಗೋ ಬ್ಯಾಕ್’ ಮೂಲಕ ಹಿಂದಿರುಗಬಹುದು. ಜಾಗ ಉಳಿಸಲೆಂದು ಹಳೇ ವಿಂಡೋಸ್ ಇರುವ Windows.old ಫೋಲ್ಡರ್ ಅಳಿಸಿದವರಿಗೆ ಆ ದಾರಿಯೂ ಮುಚ್ಚುತ್ತದೆ.

ಅನರ್ಹ ಯಂತ್ರದವರಿಗೆ ಆಸರೆ ಎಂದೆವಲ್ಲ, ಅದರ ಹೆಸರು ಇಎಸ್‌ಯು (ಎಕ್ಸ್‌ಟೆಂಡೆಡ್ ಸೆಕ್ಯೂರಿಟಿ ಅಪ್‌ಡೇಟ್ಸ್). ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ‘ಎನ್‌ರೋಲ್ ನೌ’ ಎಂದು ಬರುತ್ತದೆ. ನೋಂದಾಯಿಸಿದರೆ ಮೈಕ್ರೋಸಾಫ್ಟ್ ಘೋಷಿಸಿರುವಂತೆ 13 ಅಕ್ಟೋಬರ್ 2026ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ವಿಂಡೋಸ್ 10ರ 22ಎಚ್2 ಆವೃತ್ತಿ, ಮೈಕ್ರೋಸಾಫ್ಟ್ ಅಕೌಂಟ್ ಎರಡೂ ಬೇಕು. ಸೆಟ್ಟಿಂಗ್ಸ್ ಬ್ಯಾಕಪ್‌ಗೆ ಒಪ್ಪಿದರೆ ಉಚಿತ, ಇಲ್ಲವೆಂದರೆ 30 ಡಾಲರಿಗೆ ಸಮನಾದ ಹಣ ಅಥವಾ 1,000 ರಿವಾರ್ಡ್ಸ್ ಅಂಕ. ಉಚಿತದ್ದನ್ನೇ ಆರಿಸಿ, ಆದರೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳ ಬ್ಯಾಕಪ್ ಆಫ್ ಮಾಡಿ. ಮೈಕ್ರೋಸಾಫ್ಟಿನ ಆನ್‌ಲೈನ್ ಕಪಾಟಾದ ಒನ್‌ಡ್ರೈವಿನ ಉಚಿತ 5 ಜಿಬಿ ಮದುವೆ ಫೋಟೋಗಳಲ್ಲೇ ತುಂಬಿ, ಜಾಗ ಕೊಳ್ಳಿ ಎಂಬ ಕಾಟ ಶುರುವಾಗುತ್ತದೆ. ಡಿಫೆಂಡರ್ ವೈರಸ್ ಪಟ್ಟಿ, ಎಡ್ಜ್ ಬ್ರೌಸರ್ ಎರಡಕ್ಕೂ 2028ರ ಅಕ್ಟೋಬರ್‌ವರೆಗೆ ಅಪ್‌ಡೇಟ್ ಇದೆ. ಹಾಗೆಂದು ಇಎಸ್‌ಯು ಬಿಡಬೇಡಿ. ಬ್ರೌಸರ್ ಭದ್ರವಿದ್ದ ಮಾತ್ರಕ್ಕೆ ಕೆಳಗಿನ ವಿಂಡೋಸಿನ ತೂತು ಮುಚ್ಚುವುದಿಲ್ಲ. ಅಂದಹಾಗೆ, ‘ನಿಮ್ಮ ವಿಂಡೋಸ್ ಅವಧಿ ಮುಗಿದಿದೆ, ಎನಿಡೆಸ್ಕ್ ಹಾಕಿ’ ಎಂದು ಫೋನ್ ಬಂದರೆ ಅದು ನಿಮ್ಮ ಕಂಪ್ಯೂಟರನ್ನು ದೂರದಿಂದಲೇ ಕೈವಶ ಮಾಡಿಕೊಳ್ಳುವ ಮೋಸ, ಮಾತು ಬೆಳೆಸದೆ ಇಟ್ಟುಬಿಡಿ.

ರೂಫಸ್ ಎಂಬ, ಇನ್‌ಸ್ಟಾಲ್ ಪೆನ್‌ಡ್ರೈವ್ ತಯಾರಿಸುವ ಪ್ರೋಗ್ರಾಂನಿಂದ ತಪಾಸಣೆ ತಪ್ಪಿಸಿ ಅನರ್ಹ ಯಂತ್ರಕ್ಕೂ ವಿಂಡೋಸ್ 11 ಹಾಕಿಕೊಡುವವರಿದ್ದಾರೆ. ಹಾಕಿದ ದಿನ ಚೆನ್ನಾಗಿಯೇ ಓಡುತ್ತದೆ. ಆದರೆ ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ತಾನಾಗಿ ಇಳಿಯದೆ ಪ್ರತಿ ಸಲ ಅದೇ ಪೆನ್‌ಡ್ರೈವ್ ಸೇವೆ ಆಗಬೇಕು. ಕೋರ್ 2 ಡ್ಯುಯೋದಂಥ ತೀರಾ ಹಳೇ ಚಿಪ್ಪಿನಲ್ಲಿ ವಿಂಡೋಸ್ 11ರ 24ಎಚ್2 ಆವೃತ್ತಿ ಬೂಟೇ ಆಗುವುದಿಲ್ಲ. ನಾಪೋಕ್ಲಿನಾಚೆ ಒಬ್ಬರೇ ಇರುವ ಹಿರಿಯರಿಗೆ ಇದನ್ನು ಹಾಕಿಕೊಟ್ಟು ಬೆಂಗಳೂರಿಗೆ ಬಸ್ಸು ಹತ್ತುವುದು ಸರಿಯಲ್ಲ.

ಬ್ರೌಸರ್, ಪಿಂಚಣಿ ಸೈಟು, ಯೂಟ್ಯೂಬ್, ಪತ್ರ ಬರೆಯುವುದು ಇಷ್ಟೇ ಬಳಕೆಯಿದ್ದರೆ ವಿಂಡೋಸಿನ ಬದಲಿಗೆ ಹಾಕುವ ಲಿನಕ್ಸ್ ಮಿಂಟ್ 22 ನೋಡಬಹುದು. ಉಚಿತ, 2029ರವರೆಗೆ ಬೆಂಬಲ, 4 ಜಿಬಿ ರ‍್ಯಾಮಿನಲ್ಲಿ ಹಗುರವಾಗಿ ಓಡುತ್ತದೆ. ಕೀಬೋರ್ಡ್ ಪಟ್ಟಿಯಲ್ಲಿ ಕಗಪ ವಿನ್ಯಾಸವೂ ಇದೆ, ಅಂದರೆ ನುಡಿಯಲ್ಲಿ ಕೈ ಕುದುರಿದವರು ಹೊಸದಾಗಿ ಕಲಿಯಬೇಕಿಲ್ಲ. ಟ್ಯಾಲಿ ಮಾತ್ರ ಅದರಲ್ಲಿ ನೇರವಾಗಿ ಓಡುವುದಿಲ್ಲ, ತೋಟದ ಲೆಕ್ಕ ಟ್ಯಾಲಿಯಲ್ಲಿರುವವರು ಇತ್ತ ಬರಬೇಡಿ. ಪ್ರಿಂಟರ್ ಎರಡನೇ ತೊಡಕು. ಕ್ಯಾನನ್ ಎಲ್‌ಬಿಪಿ 2900 ಇದರಲ್ಲಿ ಸುಲಭಕ್ಕೆ ಮಣಿಯುವುದಿಲ್ಲ. ಮಿಂಟನ್ನು ಪೆನ್‌ಡ್ರೈವಿನಿಂದಲೇ, ಡಿಸ್ಕ್ ಮುಟ್ಟದೆ ಓಡಿಸಿ ನೋಡಬಹುದು. ಹಾಗೆ ಓಡಿಸಿ, ವೈಫೈ ಹಿಡಿಯುತ್ತದೆಯೇ, ಧ್ವನಿ ಬರುತ್ತದೆಯೇ ನೋಡಿ, ಪ್ರಿಂಟರ್ ಸಿಕ್ಕಿಸಿ. ಒಂದು ಹಾಳೆ ಸರಿಯಾಗಿ ಹೊರಬಂದರೆ ಮಾತ್ರ ಇನ್‌ಸ್ಟಾಲ್ ಗುಂಡಿಯ ಹತ್ತಿರ ಹೋಗಿ.